ನೀರು ಕುಡಿದ ದೋಣಿ



ಧಮ್ಮಬಂಧುಗಳೇ, ಇವತ್ತಿನ ಚಿಂತನೆ ಬರೆಯುವ ಸರದಿ ನನ್ನದು. ಎರಡು ವಾರದಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದೆ. ಬರೆಯಬೇಕಾದದ್ದು ನನ್ನದೇ ವಿಷಯ, ಅದರಲ್ಲಿ ನಾನು ಮಾಡಿದ್ದು ಸರಿಯೋ ತಪ್ಪೋ ನನಗೇ ಇನ್ನೂ ಪೂರ್ತಿ ತೀರ್ಮಾನವಾಗಿಲ್ಲ.

ಜನವರಿಯ ಒಂದು ಭಾನುವಾರ ನಮ್ಮ ಬಳಗದಲ್ಲಿ ಧಮ್ಮಪದದ ಭಿಕ್ಖುವಗ್ಗ ಓದಿದ್ದು ನೆನಪಿರಬಹುದು. ಅದರ 369ನೇ ಗಾಥೆಯಲ್ಲಿ ದೋಣಿಯ ಹೋಲಿಕೆ ಬರುತ್ತದೆ. ದೋಣಿಯೊಳಗಿನ ನೀರು ಎತ್ತಿ ಚೆಲ್ಲುವುದು, ಮನಸ್ಸಿನ ರಾಗದ್ವೇಷ ಕಳೆದುಕೊಳ್ಳುವುದು, ಎರಡನ್ನೂ ಜೋಡಿಸಿ ಹೇಳಿದೆ. ಅದರ ಮೇಲೆ ನಾನು ಇಪ್ಪತ್ತು ನಿಮಿಷ ಮಾತಾಡಿದೆ. ಪುರಂದರದಾಸರ ಅಂಬಿಗನ ಪದದಲ್ಲಿ ಬರುವ ಒಂಬತ್ತು ತೂತಿನ ಹರಿಗೋಲನ್ನೂ ಎಳೆದು ತಂದೆ. ಎಂ.ಎ. ಕನ್ನಡ ಓದಿದವರಿಗೆ ಇದೊಂದು ಚಟ. ನಿಜವಾದ ದೋಣಿಯನ್ನು ಅಲ್ಲಿಯವರೆಗೆ ನಾನು ಕೈಯಲ್ಲಿ ಮುಟ್ಟಿರಲಿಲ್ಲ. ನಮ್ಮ ಯಲ್ದೂರಿನ ಕಡೆ ಹುಟ್ಟಿ ಬೆಳೆದವರಿಗೆ ಅದು ಆಶ್ಚರ್ಯವೂ ಅಲ್ಲ. ನಾವು ಚಿಕ್ಕವರಾಗಿದ್ದಾಗ ಕೆರೆ ಎಂದರೆ ಜಾಲಿ ಗಿಡ, ಕ್ರಿಕೆಟ್ ಪಿಚ್ಚು, ಬೇಸಿಗೆಯಲ್ಲಿ ಹೂಳು ಹೊಡೆಯುವ ಟ್ರ್ಯಾಕ್ಟರು.

ಅವತ್ತು ಮನೆಗೆ ಬಂದಾಗ ನಮ್ಮ ಶಾಲೆಯ ಒಂಬತ್ತನೇ ಕ್ಲಾಸಿನ ಹುಡುಗನ ಅಪ್ಪ ಜಗಲಿಯ ಮೇಲೆ ಕೂತಿದ್ದರು. ಊರಿನಿಂದ ಸ್ವಲ್ಪ ದೂರದ ಕೆರೆಯಲ್ಲಿ ಮೀನು ಹಿಡಿಯುತ್ತಾರೆ. ಹಳೆಯ ಬೆಸ್ತರ ಮನೆಯವರಲ್ಲ, ಮೊದಲು ಮಾವಿನ ತೋಪುಗಳಲ್ಲಿ ಕೂಲಿ. 2018ರಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಬಂದು ಜಿಲ್ಲೆಯ ಕೆರೆಗಳು ಒಂದೊಂದಾಗಿ ಬಣ್ಣ ಬದಲಾಯಿಸಿದ್ದು, ಆಮೇಲೆ 2021ರ ನವೆಂಬರ್ ಮಳೆಗೆ ಎಷ್ಟೋ ವರ್ಷದಿಂದ ಒಣಗಿದ್ದವೂ ಕೋಡಿ ಹರಿದದ್ದು ನಿಮಗೆ ಗೊತ್ತೇ ಇದೆ. ಆ ನೀರಿನ ಬಗ್ಗೆ ಇರುವ ವಾದ ಬೇರೆ, ಇನ್ನೊಂದು ದಿನ ಮಾಡೋಣ. ನೀರು ಬಂತು, ಮೀನು ಮರಿ ಬಿಟ್ಟರು, ಕಾಟ್ಲಾ, ರೋಹು, ಜಿಲೇಬಿ ಬೆಳೆದವು, ನೀರೇ ಕಾಣದಿದ್ದ ಜನ ಮೀನು ಹಿಡಿಯುವುದನ್ನು ಕಲಿತರು. ಈತನೂ ಹಾಗೆ ಕಲಿತವರು. ಮೂರು ವರ್ಷ ಥರ್ಮೋಕೋಲ್ ಹಲಗೆಗಳನ್ನು ಹಗ್ಗದಲ್ಲಿ ಕಟ್ಟಿದ ತೆಪ್ಪದ ಮೇಲೆ ಕೂತು ಬಲೆ ಬಿಟ್ಟಿದ್ದರು. ಮಗನೂ ಬೆಳಗಿನ ಜಾವ ಅಪ್ಪನ ಜೊತೆ. ಆ ಹುಡುಗ ನನ್ನ ಮೊದಲ ಪೀರಿಯಡ್ಡಿನಲ್ಲಿ ನಿದ್ದೆ ಹೊಡೆಯುತ್ತಿದ್ದದ್ದಕ್ಕೆ ಕಾರಣ ನನಗೆ ಅವತ್ತು ಗೊತ್ತಾಯಿತು. ಬಯ್ದದ್ದೆಲ್ಲ ನೆನಪಾಯಿತು.

"ಮೇಷ್ಟ್ರೇ, ಸಾಲ ಮಾಡಿ ಒಂದು ಹಳೇ ದೋಣಿ ತಗೊಂಡೆ. ನೀರಿಗೆ ಬಿಟ್ರೆ ಎಮ್ಮೆ ಕೂತಂಗೆ ಕೂರ್ತದೆ. ನೀವು ಫೋನಲ್ಲಿ ಏನೇನೋ ನೋಡ್ತೀರಲ್ಲ, ಇದಕ್ಕೂ ಏನಾದ್ರೂ ದಾರಿ ನೋಡಿ."

ಫೈಬರ್ ದೋಣಿ, ಹನ್ನೆರಡು ಅಡಿ. ಬೇರೆ ಜಿಲ್ಲೆಯ ಜಲಾಶಯವೊಂದರ ದಡದಲ್ಲಿ ಯಾರೋ ಮಾರಿದ್ದು. ಹೊಸದಾಗಿ ನೀಲಿ ಬಣ್ಣ ಬಳಿದಿದ್ದರು. ಬಣ್ಣ ನೋಡಿ ಈತ ಹದಿನೈದು ಸಾವಿರ ಕೊಟ್ಟುಬಿಟ್ಟಿದ್ದರು. ತೋಪಿನ ನೆರಳಿನಲ್ಲಿ ಮಗುಚಿ ಹಾಕೋಣ ಎಂದರೆ ನಾಲ್ಕು ಜನರಿಗೆ ಅಲ್ಲಾಡಲಿಲ್ಲ. ಒಳಗೆ ಒಂದು ತೊಟ್ಟು ನೀರಿಲ್ಲ, ಒಣಗಿದೆ. ಆದರೂ ಕಲ್ಲಿನಂತೆ ಭಾರ.

ನನ್ನ ಚಿಕ್ಕಪ್ಪನ ಮಗ ಅಮೆರಿಕದ ಟೆಕ್ಸಾಸಿನಲ್ಲಿದ್ದಾನೆ. ಎರಡು ವರ್ಷದ ಹಿಂದೆ ಅವನೂ ಒಂದು ಹಳೆಯ ದೋಣಿ ಕೊಂಡು, ತಾನೇ ಬಿಚ್ಚಿ ಸರಿಮಾಡಿ, ಫೋಟೋ ಮೇಲೆ ಫೋಟೋ ಕಳಿಸಿದ್ದ. ಬಾಸ್ ಬೋಟ್ ಅಂತಾರೆ ಅದನ್ನು. ಬಾಸ್ ಎಂಬ ಒಂದು ಜಾತಿ ಮೀನು ಹಿಡಿಯುವುದಕ್ಕೆಂದೇ ಮಾಡಿದ ತಗ್ಗಾದ ದೋಣಿ, ಹಿಂದೆ ದೊಡ್ಡ ಎಂಜಿನ್, ಕೂರಲು ತಿರುಗುವ ಕುರ್ಚಿ. ಅವನಿಗೆ ವಿಡಿಯೋ ಕಾಲ್ ಮಾಡಿ ಈ ನೀಲಿ ದೋಣಿ ತೋರಿಸಿದೆ.

"ಅಣ್ಣಾ, ಮೊದಲು ಒಂದು ಕಡ್ಡಿಯಿಂದ ತಳ ಪೂರ್ತಿ ತಟ್ಟಿ ನೋಡು," ಅಂದ. ತಟ್ಟಿದೆ. ಕೆಲವು ಕಡೆ ಠಣ್ ಎಂದಿತು, ಹಲವು ಕಡೆ ಒದ್ದೆ ಗೋಡೆ ತಟ್ಟಿದ ಹಾಗೆ ಮಂಕು ಸದ್ದು. ಅವನು ನಕ್ಕ. "ನೀರು ಒಳಗಿದೆ."

ವಿಷಯ ಇಷ್ಟು. ಇಂಥ ದೋಣಿಗಳಲ್ಲಿ ನಾವು ಕಾಲಿಡುವ ನೆಲಕ್ಕೂ ಹೊರಗಿನ ತಳಕ್ಕೂ ನಡುವೆ ಟೊಳ್ಳು ಜಾಗ ಇರುತ್ತದೆ. ಮುಳುಗದಿರಲಿ ಅಂತ ಅದರಲ್ಲಿ ಫೋಮ್ ತುಂಬಿರುತ್ತಾರೆ. ಸ್ಕ್ರೂ ತೂತುಗಳಿಂದ, ಕೂದಲೆಳೆ ಬಿರುಕುಗಳಿಂದ ವರ್ಷಾನುಗಟ್ಟಲೆ ನೀರು ಇಳಿದು ಹಳೆಯ ಫೋಮು ಅದನ್ನು ಕುಡಿದುಬಿಡುತ್ತದೆ. ತೇಲಿಸಬೇಕಾದದ್ದೇ ಮುಳುಗಿಸಲು ನಿಲ್ಲುತ್ತದೆ. ಹಿಂಬದಿಯ ಹಲಗೆಯೊಳಗೆ ಪ್ಲೈವುಡ್ ಇರುತ್ತದೆ, ಅದೂ ಕೊಳೆತಿರುತ್ತದೆ. ಮೇಲಿನ ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ. ಬಕೆಟ್ಟಿನಲ್ಲಿ ಎತ್ತಿ ಚೆಲ್ಲುವ ನೀರೂ ಅಲ್ಲ ಇದು, ನೆಲ ಕುಯ್ದೇ ತೆಗೆಯಬೇಕು. ನನ್ನ ಇಪ್ಪತ್ತು ನಿಮಿಷದ ಭಾಷಣದಲ್ಲಿ ಇದು ಇರಲಿಲ್ಲ.

ಕುಯ್ಯುವ ಮೊದಲು ನಾನು ಎರಡು ದಿನ ಸುಮ್ಮನಿದ್ದೆ. ಇಂದಿನ ಚಿಂತನೆ ಆ ಎರಡು ದಿನದ್ದು.

ಪ್ರತಿ ಭಾನುವಾರ ನಾವು ಪಂಚಶೀಲ ಹೇಳುತ್ತೇವೆ, ಮೊದಲನೆಯದೇ ಪ್ರಾಣಿಹತ್ಯೆಯಿಂದ ದೂರವಿರುವುದು. ದೋಣಿ ಹಗುರಾದರೆ ಹೆಚ್ಚು ಮೀನು ಸಾಯುತ್ತವೆ. ನಾನು ಅದಕ್ಕೆ ಕೈ ಹಾಕಬಹುದೇ? ವಕೀಲರ ಹಾಗೆ ಪುಸ್ತಕ ತೆಗೆದೆ. ಅಟ್ಠಕಥೆಗಳು ಹತ್ಯೆಗೆ ಐದು ಅಂಗ ಹೇಳುತ್ತವೆ: ಜೀವಿಯೊಂದು ಇರಬೇಕು, ಅದು ಜೀವಿ ಎಂದು ಗೊತ್ತಿರಬೇಕು, ಕೊಲ್ಲುವ ಮನಸ್ಸಿರಬೇಕು, ಪ್ರಯತ್ನ ನಡೆಯಬೇಕು, ಅದರಿಂದ ಜೀವಿ ಸಾಯಬೇಕು. ನನಗೆ ಕೊಲ್ಲುವ ಮನಸ್ಸಿಲ್ಲ, ಬಚಾವ್. ಅಂಗುತ್ತರ ನಿಕಾಯದ ವಣಿಜ್ಜಾ ಸುತ್ತದಲ್ಲಿ ಉಪಾಸಕರು ಮಾಡಬಾರದ ಐದು ವ್ಯಾಪಾರಗಳಿವೆ: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ದೋಣಿ ರಿಪೇರಿ ಅದರಲ್ಲಿಲ್ಲ, ಮತ್ತೆ ಬಚಾವ್. ಹೀಗೆ ತಪ್ಪಿಸಿಕೊಳ್ಳುತ್ತಿರುವಾಗಲೇ ನನಗೆ ನನ್ನ ಮೇಲೆ ಅನುಮಾನ ಬಂತು. ಸಮಾಧಾನ ಇದ್ದವನು ಇಷ್ಟು ಪುಟ ತಿರುವಿ ಹಾಕುವುದಿಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ನಾನು ಮೀನು ತಿನ್ನುತ್ತೇನೆ. ನಮ್ಮ ಮನೆಯಲ್ಲಿ ಯಾವತ್ತೂ ತಿಂದವರೇ. ಜೀವಕ ಸುತ್ತದಲ್ಲಿ ಭಿಕ್ಖುಗಳಿಗೆ ಹೇಳಿದ ಮಾತನ್ನು ಕೊಡೆಯ ಹಾಗೆ ಹಿಡಿದುಕೊಂಡಿದ್ದೆ: ತನಗಾಗಿ ಕೊಂದದ್ದನ್ನು ನೋಡಿಲ್ಲ, ಕೇಳಿಲ್ಲ, ಅನುಮಾನವೂ ಇಲ್ಲ ಎಂದಾದರೆ ಸ್ವೀಕರಿಸಬಹುದು. ಸಂತೆಯ ಮೀನು ನನಗಾಗಿ ಸತ್ತದ್ದಲ್ಲ ತಾನೆ! ಅಂದರೆ ಆತ ಥರ್ಮೋಕೋಲ್ ಮೇಲೆ ಕೂತು, ಮಗನನ್ನೂ ಕೂರಿಸಿಕೊಂಡು, ಕತ್ತಲಲ್ಲಿ ಹಿಡಿದು ತಂದ ಮೀನು ನನ್ನ ತಟ್ಟೆಗೆ ಆಗಬಹುದು. ಅದೇ ಮನುಷ್ಯ ಮುಳುಗದ ಹಾಗೆ ಒಂದು ದೋಣಿ ಮಾಡಿಕೊಡಿ ಎಂದರೆ ನನಗೆ ಶೀಲ ನೆನಪಾಗುತ್ತದೆ.

ಬಳಗದ ಹಿರಿಯರೊಬ್ಬರಿಗೆ ಫೋನ್ ಮಾಡಿದೆ. "ಕಟುಕನ ಕತ್ತಿಗೆ ಸಾಣೆ ಹಿಡಿದವನಿಗೂ ಪಾಲು ಇರ್ತದಪ್ಪಾ," ಅಂದರು. "ತಿಂದವನಿಗೆ?" ಎಂದು ಕೇಳಿದೆ. ಅವರು ಶುದ್ಧ ಸಸ್ಯಾಹಾರಿ, ಹಾಗಾಗಿ ಅವರಿಗೆ ಸುಲಭವಾಗಿ ಉತ್ತರ ಹೇಳಲು ಬಂತು.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅಹಿಂಸೆಯ ಬಗ್ಗೆ ಬರೆದ ಭಾಗವನ್ನು ಆಮೇಲೆ ತೆಗೆದೆ. ಅವರು ತೀರಿಕೊಂಡ ಮೇಲೆ, 1957ರಲ್ಲಿ ಬಂದ ಗ್ರಂಥ. ಅಲ್ಲಿ ಅವರು ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ ಎಂದು ಗೆರೆ ಎಳೆಯುತ್ತಾರೆ. ಬುದ್ಧ ತಡೆದದ್ದು ಬರೀ ಇಚ್ಛೆಯಿಂದ ಕೊಲ್ಲುವುದನ್ನು. ಅಹಿಂಸೆ ನಿಯಮವಲ್ಲ, ತತ್ವ. ನಿಯಮ ಕಟ್ಟಿಹಾಕುತ್ತದೆ, ತತ್ವ ತೀರ್ಮಾನದ ಹೊರೆಯನ್ನು ನಮ್ಮ ತಲೆಯ ಮೇಲೇ ಇಡುತ್ತದೆ. ಸಾಲ ಇರುವ ಮನುಷ್ಯ, ಮಳೆ ನಂಬಿದ ಅರ್ಧ ಎಕರೆ, ಓದುವ ಮಗ. ಇದು ಅಗತ್ಯ ಅಲ್ಲದಿದ್ದರೆ ಇನ್ಯಾವುದು?

ನನ್ನ ತಮ್ಮನ ಕಥೆಯನ್ನು ಈ ಗೆರೆಯ ಪಕ್ಕ ಇಟ್ಟು ನೋಡಿದೆ. ಅವನು ಹಿಡಿದ ಮೀನನ್ನು ತೂಗಿ, ಫೋಟೋ ತೆಗೆದು, ಮತ್ತೆ ನೀರಿಗೇ ಬಿಡುತ್ತಾನೆ. ಅಲ್ಲಿ ಅದೊಂದು ಆಟ, ಪಂದ್ಯಗಳೂ ನಡೆಯುತ್ತವೆ. ಮೀನು ಬದುಕಿರಲಿ ಅಂತ ದೋಣಿಯೊಳಗೆ ಗಾಳಿ ಊದುವ ನೀರಿನ ತೊಟ್ಟಿಯೂ ಇದೆ. "ನಾನು ಇವತ್ತಿನ ತನಕ ಒಂದು ಮೀನೂ ಕೊಂದಿಲ್ಲ ಅಣ್ಣ," ಅನ್ನುತ್ತಾನೆ. ಐದು ಅಂಗಗಳ ಲೆಕ್ಕದಲ್ಲಿ ಅವನು ಪಾಸು, ನಮ್ಮ ಕೆರೆಯ ಮನುಷ್ಯ ಫೇಲು. ಆದರೆ ಕೊಕ್ಕೆ ಚುಚ್ಚುವುದು ಬಾಯಿಗೇ, ಬಿಟ್ಟ ಮೀನೆಲ್ಲ ಬದುಕುತ್ತದೆ ಎಂದೂ ಇಲ್ಲ. ಹಸಿವಿಲ್ಲದೆ ನೋಯಿಸುವುದನ್ನು ಯಾವ ಕಡೆ ಬರೆಯೋಣ? ತಮ್ಮನ ಹತ್ತಿರ ಇದನ್ನು ಹೇಳಿದೆ. ಅವನಿಗೆ ಬೇಜಾರಾಯಿತು, ನಾಲ್ಕು ದಿನ ಮಾತಿಲ್ಲ. ದೋಣಿ ಕೆಲಸ ಅಲ್ಲಿಯವರೆಗೆ ನಿಂತಿತು.

ಐದನೇ ದಿನ ಅವನೇ ಫೋನ್ ಮಾಡಿದ. ಕೆಲಸ ಶುರುವಾಯಿತು. ನೆಲ ಕುಯ್ದೆವು. ಫೋಮ್ ಹೊರಗೆ ತೆಗೆದರೆ ಹಿಂಡಿದ ಕಡೆ ನೀರು ಸುರಿಯುತ್ತಿತ್ತು, ವಾಸನೆ ಸತ್ತ ಹೆಗ್ಗಣದ್ದು. ಹುಡುಗ ಒಂದೊಂದೇ ಬುಟ್ಟಿ ಎತ್ತಿ ಹಾಕಿದ. ಮೂರು ವಾರ ಬಿಸಿಲಿಗೆ ಬಿಟ್ಟೆವು. ಒದ್ದೆ ಇದ್ದರೆ ರೆಸಿನ್ ಹಿಡಿಯುವುದಿಲ್ಲ, ಇದರಲ್ಲಿ ಅವಸರ ಮಾಡಿದವರೆಲ್ಲ ಕೆಟ್ಟಿದ್ದಾರೆ ಅಂತ ತಮ್ಮ ಹೇಳಿದ್ದ. ಬಣ್ಣ ಕೆರೆದ ಮೇಲೆ ಹದಿನೊಂದು ಬಿರುಕು ಕಂಡವು. ಒಂದೊಂದರ ಸುತ್ತ ಉಪ್ಪುಕಾಗದ ಹಾಕಿ ಅಗಲವಾಗಿ ಇಳಿಜಾರು ತೀಡಿ, ಅಸಿಟೋನಿನಲ್ಲಿ ಒರೆಸಿ, ಫೈಬರ್ ಮ್ಯಾಟಿನ ತುಂಡುಗಳನ್ನು ಪದರ ಪದರವಾಗಿ ರೆಸಿನ್ ಹಚ್ಚಿ ಕೂರಿಸಿದೆವು. ರೆಸಿನ್ನಿಗೆ ಹಾರ್ಡ್ನರ್ ನೂರಕ್ಕೆ ಒಂದೂವರೆ, ಹೆಚ್ಚೆಂದರೆ ಎರಡು ಪಾಲು. ಮೊದಲ ದಿನ ನಾನು ಕಣ್ಣಂದಾಜಿಗೆ ಸುರಿದೆ, ಡಬ್ಬಿಯಲ್ಲೇ ಕುದ್ದು ಕಲ್ಲಾಯಿತು. ಹುಡುಗ ನಕ್ಕ, ಆಮೇಲೆ ಅಳತೆಯೆಲ್ಲ ಅವನದೇ. ಕ್ಲಾಸಿನಲ್ಲಿ ಶೇಕಡಾ ಲೆಕ್ಕ ಬಿಡಿಸದವನು ಇಲ್ಲಿ ಸಿರಿಂಜಿನಲ್ಲಿ ಎಳೆದು ಹನಿ ಹನಿ ಹಾಕುತ್ತಿದ್ದ. ಕೊಳೆತ ಪ್ಲೈವುಡ್ ತೆಗೆದು ಹೊಸದು ಹಾಕಿ ಅದನ್ನೂ ರೆಸಿನ್ನಿನಲ್ಲಿ ಮುಚ್ಚಿದೆವು. ಟೊಳ್ಳಿಗೆ ನೀರು ಕುಡಿಯದ ಫೋಮೇ ಹಾಕಬೇಕೆಂದು ತಮ್ಮನ ಹಟ, ಆದರೆ ಅಷ್ಟು ದುಡ್ಡಿಲ್ಲ. ಅಡುಗೆಎಣ್ಣೆಯ ಖಾಲಿ ಕ್ಯಾನುಗಳನ್ನು ಮುಚ್ಚಳ ಬಿಗಿದು, ಅಂಟು ಹಾಕಿ, ಅಲ್ಲಾಡದ ಹಾಗೆ ತುಂಬಿದೆವು. ಹಿಂದೆ ಇಡುತ್ತಿದ್ದ ಬಲೆಯ ಬುಟ್ಟಿಯನ್ನು ನಡುವಿಗೆ ತಂದ ಮೇಲೆ ಮೂತಿ ಎತ್ತುವುದು ನಿಂತಿತು. ಸಾಮಾನಿನ ಖರ್ಚಲ್ಲಿ ಅರ್ಧ ನಾನು ಕೊಟ್ಟೆ. ಎರಡು ಲೈಫ್ ಜಾಕೆಟ್ ತರುವ ತನಕ ನೀರಿಗೆ ಬಿಡುವುದಿಲ್ಲ ಎಂದು ಮಾತ್ರ ಹಟ ಹಿಡಿದೆ.

ಮಾರ್ಚಿಯ ಕೊನೆಗೆ ನೀರಿಗೆ ಬಿಟ್ಟೆವು. ನಾಲ್ಕು ಜನಕ್ಕೆ ಅಲ್ಲಾಡದ ದೋಣಿಯನ್ನು ಅಪ್ಪ ಮಗ ಇಬ್ಬರೇ ಮಗುಚಿದರು. ಹುಟ್ಟು ಒಂದು ಸಲ ಎಳೆದರೆ ಸಾಕು, ಹೋಗುತ್ತಲೇ ಇರುತ್ತದೆ. ನನಗೆ ಎದೆ ತುಂಬಿ ಬಂತು ಎಂದು ಒಪ್ಪಿಕೊಳ್ಳುತ್ತೇನೆ.

ಮೊದಲ ಹತ್ತು ದಿನ ಒಂದು ಗಂಟೆ ಮೊದಲೇ ದಡಕ್ಕೆ ಬಂದರು. ಹುಡುಗ ಪ್ರಾರ್ಥನೆಗೆ ಮುಂಚೆ ಶಾಲೆಯಲ್ಲಿ. ನನ್ನ ಲೆಕ್ಕ ಗೆದ್ದಿತು ಅಂದುಕೊಂಡೆ. ಹನ್ನೊಂದನೇ ದಿನವೋ ಹನ್ನೆರಡನೇ ದಿನವೋ ಆತ ಇನ್ನೊಂದು ಬಲೆ ಕೊಂಡರು. ದೋಣಿ ತಡೆಯುತ್ತದೆ, ಸಾಲ ಬೇಗ ತೀರುತ್ತದೆ, ಕೊಂಡರು. ತಪ್ಪೇನು? ಆದರೆ ಅಗತ್ಯಕ್ಕೂ ಇಚ್ಛೆಗೂ ನಡುವೆ ಬಾಬಾಸಾಹೇಬರು ಎಳೆದ ಗೆರೆ ನೀರಿನ ಮೇಲೆ ಅತ್ತಿತ್ತ ಸರಿಯುವಂಥದ್ದು ಎಂದು ನನಗೆ ಕಂಡಿತು. ಒಂದು ಬಲೆಯಷ್ಟಿದ್ದ ಅಗತ್ಯ ದೋಣಿ ಹಗುರಾದ ಕೂಡಲೇ ಎರಡು ಬಲೆಯಷ್ಟಾಯಿತು. ಹಗುರ ಮಾಡಿದವನು ನಾನು. ಸಂಬಳ ಹೆಚ್ಚಾದಾಗಲೆಲ್ಲ ನನ್ನ ಅಗತ್ಯಗಳೂ ಹೀಗೇ ಬೆಳೆದವು, ಅದನ್ನು ಯಾರೂ ತಟ್ಟಿ ನೋಡಲಿಲ್ಲ ಅಷ್ಟೆ.

ಧಮ್ಮಪದದ ಅಟ್ಠಕಥೆಯಲ್ಲಿ, 270ನೇ ಗಾಥೆಗೆ, ಗಾಳ ಹಾಕುವವನೊಬ್ಬನ ಕಥೆಯಿದೆ. ಅವನ ಹೆಸರೇ ಅರಿಯ. ಸಾವತ್ಥಿಯ ಬಾಗಿಲ ಬಳಿ ಮೀನು ಹಿಡಿಯುತ್ತಿದ್ದಾಗ ಬುದ್ಧ ಭಿಕ್ಖುಗಳೊಂದಿಗೆ ಬಂದು, ಒಬ್ಬೊಬ್ಬರ ಹೆಸರು ಕೇಳುತ್ತಾ, ಕೊನೆಗೆ ಅವನ ಹೆಸರನ್ನೂ ಕೇಳಿದ. ಜೀವಹಿಂಸೆ ಮಾಡುವವನು ಅರಿಯನಾಗುವುದಿಲ್ಲ ಎಂದು ನೇರವಾಗಿಯೇ ಹೇಳಿದ. ಆ ಮಾತು ಮುಗಿಯುವಷ್ಟರಲ್ಲಿ ಗಾಳದವನು ಸೋತಾಪನ್ನನಾದ ಎನ್ನುತ್ತದೆ ಕಥೆ. ನಾನು ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಈ ಸಲ ಗಮನಕ್ಕೆ ಬಂದದ್ದು ಬೇರೆ. ಬುದ್ಧ ಅವನನ್ನು ನೋಡದ ಹಾಗೆ ದಾಟಿ ಹೋಗಲಿಲ್ಲ, ನಿಂತು ಹೆಸರು ಕೇಳಿದ. ನಿಜವನ್ನೂ ಮೆತ್ತಗೆ ಮಾಡಲಿಲ್ಲ. ನಾನು ನಿಲ್ಲುವುದನ್ನು ಮಾಡಿದೆ, ಹೇಳುವುದನ್ನು ಮಾಡಲಿಲ್ಲ. ಎರಡನೇ ಬಲೆಯ ಬಗ್ಗೆ ಒಂದು ಮಾತೂ ನನ್ನ ಬಾಯಿಂದ ಬರಲಿಲ್ಲ. ಸಾಲ ನನ್ನ ಮೇಲಿಲ್ಲವಲ್ಲ, ಯಾವ ಬಾಯಲ್ಲಿ ಹೇಳಲಿ?

ಕಳೆದ ಶನಿವಾರ ಸಂಜೆ ಅಪ್ಪ ಮಗ ಮನೆಗೆ ಬಂದರು. ಹುಡುಗ ಲೈಫ್ ಜಾಕೆಟ್ ಇನ್ನೂ ಬಿಚ್ಚಿರಲಿಲ್ಲ, ನನಗೆ ತೋರಿಸಲೆಂದೇ ಇರಬೇಕು. ಆತ ಚೀಲ ಮುಂದೆ ಚಾಚಿದರು.

"ಮೇಷ್ಟ್ರೇ, ರೋಹು. ನಿಮಗೇ ಅಂತ ಹಿಡ್ಕೊಂಡು ಬಂದೆ."

ನೋಡಿದ್ದಾಯಿತು, ಕೇಳಿದ್ದಾಯಿತು, ಅನುಮಾನಕ್ಕೆ ಜಾಗವೇ ಇಲ್ಲ. ಚೀಲದೊಳಗೆ ಒಂದು ಇನ್ನೂ ಅಲ್ಲಾಡುತ್ತಿತ್ತು. ಹುಡುಗ ನನ್ನ ಮುಖವನ್ನೇ ನೋಡುತ್ತಿದ್ದ. ಎರಡೂ ಕೈ ಚಾಚಿ ತಗೊಂಡೆ. ಹೆಂಡತಿ ಸಾರು ಮಾಡಿದಳು, ಊಟ ಮಾಡಿದೆ.

ಮರುದಿನ ಬಳಗದಲ್ಲಿ ಪಂಚಶೀಲ ಹೇಳುವಾಗ ಮೊದಲನೆಯದಕ್ಕೆ ನನ್ನ ದನಿ ಇಳಿದಿತ್ತು. ಪಕ್ಕದಲ್ಲಿ ಕೂತಿದ್ದವರು ಹುಷಾರಿಲ್ಲವೇ ಎಂದು ಕೇಳಿದರು. ಆಗ ಏನೂ ಹೇಳಲಿಲ್ಲ, ಅದಕ್ಕೇ ಇವತ್ತು ಬರೆದೆ.