ಬೈಗುಳವೂ ಪ್ರೀತಿಯೇ?



ಅಮಾವಾಸ್ಯೆಯ ದಿನ ಮಠಕ್ಕೆ ಬರುವ ತಾಯಂದಿರ ಬಾಯಲ್ಲಿ ಒಂದು ಮಾತನ್ನು ನಾವು ಅನೇಕ ಸಲ ಕೇಳಿದ್ದೇವೆ. ದಾಸೋಹದ ಪಂಕ್ತಿಯಲ್ಲಿ ಹುಡುಗ ಸಾರು ಚೆಲ್ಲಿದರೆ ಸಾಕು, "ನಿನ್ನ ಹಡಿಯೂ ಬದಲಿ ಒಂದು ಕಲ್ಲು ಹಡದಿದ್ರ ಅರಿವಿ ಒಗೀಲಿಕ್ಕರ ಬರತಿತ್ತು" ಎಂದುಬಿಡುತ್ತಾರೆ. ಮರುಕ್ಷಣ ಅದೇ ತಾಯಿ ತನ್ನ ತಾಟಿನ ಹುಗ್ಗಿಯನ್ನು ಅವನ ತಾಟಿಗೆ ಹಾಕುತ್ತಾಳೆ.

ಇಂಥದೇ ಮಾತು ದೂರದ ಹಾಂಗ್‌ಕಾಂಗ್‌ನಲ್ಲಿಯೂ ಇದೆ. ಅಲ್ಲಿಯ ಕ್ಯಾಂಟನೀಸ್ ಭಾಷೆಯ ತಾಯಂದಿರು, "ನಿನ್ನ ಹಡೆಯುವುದಕ್ಕಿಂತ ಒಂದು ತುಂಡು ಸುಟ್ಟ ಮಾಂಸ ಹಡೆದಿದ್ದರೆ ಲೇಸಿತ್ತು" ಎಂದು ಬೈಯುವುದು ಹೆಸರಾದ ಮಾತು. ಅವರು ಮಾಂಸಾಹಾರಿಗಳು, ನಾವಲ್ಲ. ಮಾತಿನ ಕಹಿ ಮಾತ್ರ ಒಂದೇ. ಪ್ರೀತಿಯಿಂದ ಆಡಿದ ಬಿರುಸು ಮಾತು, ಪ್ರೀತಿಯಿಂದ ಕೊಟ್ಟ ಏಟು ತಪ್ಪಾಗುತ್ತದೆಯೇ? ಈ ಪ್ರಶ್ನೆಯನ್ನು ಆ ಜನರ ಮನೆಯೊಳಗಿಂದ ನೋಡೋಣ. ಪರರ ಮನೆಯ ಕನ್ನಡಿಯಲ್ಲಿ ನಮ್ಮ ಮುಖ ಕೆಲವೊಮ್ಮೆ ಚೆನ್ನಾಗಿ ಕಾಣುತ್ತದೆ.

ಚೀನಾದ ದಕ್ಷಿಣದ ಗುವಾಂಗ್‌ಡಾಂಗ್ ಪ್ರಾಂತ, ಹಾಂಗ್‌ಕಾಂಗ್ ಮತ್ತು ಮಕಾವ್‌ಗಳಲ್ಲಿ ಕ್ಯಾಂಟನೀಸ್ ಮನೆಮಾತು. ನಮ್ಮಲ್ಲಿ ದೊಡ್ಡಪ್ಪ, ಕಾಕಾ ಎಂದು ಬೇರೆ ಬೇರೆ ಕರೆಯುವಂತೆ ಅವರಲ್ಲಿಯೂ ತಂದೆಯ ಅಣ್ಣನಿಗೊಂದು, ತಮ್ಮನಿಗೊಂದು ಹೆಸರು. ಊಟಕ್ಕೆ ಕುಳಿತ ಮಗು ಮೊದಲು "ಅಜ್ಜಾ ಊಟ ಮಾಡು, ಅಜ್ಜೀ ಊಟ ಮಾಡು" ಎಂದು ಹಿರಿಯರನ್ನೆಲ್ಲ ಕರೆದು, ಆಮೇಲೆ ತಾನು ತುತ್ತು ಎತ್ತಬೇಕೆಂಬುದು ಹಳೆಯ ಸಂಪ್ರದಾಯ. ಹೇಳಿದಂತೆ ಕೇಳುವ ಕೂಸಿಗೆ "ಗ್ವಾಯ್" ಎಂಬ ಮೆಚ್ಚುಗೆಯ ಮಾತು. ಆದರೆ "ನಿನ್ನ ಮೇಲೆ ನನಗೆ ಪ್ರೀತಿ" ಎಂದು ಬಾಯಿಬಿಟ್ಟು ಹೇಳುವ ರೂಢಿ ಕಡಿಮೆ. ತಾಸುಗಟ್ಟಲೆ ಕುದಿಸಿದ ಸಾರನ್ನು ಮುಂದಿಡುವುದು, "ಉಂಡೆಯಾ?" ಎಂದು ಕೇಳುವುದು, ಇದೇ ಅವರ ಪ್ರೀತಿಯ ಭಾಷೆ. ನಮ್ಮದೂ ಅದೇ ಅಲ್ಲವೇ?

ಆ ಪ್ರೀತಿಯ ಪಕ್ಕದಲ್ಲಿಯೇ ಬೆತ್ತವೂ ಇತ್ತು. ಕೋಳಿಗರಿಯ ಧೂಳು ಝಾಡಿಸುವ ಕೋಲು ಮಕ್ಕಳ ಬೆನ್ನಿಗೂ ಬೀಳುತ್ತಿತ್ತು. ಇದನ್ನು ಕ್ರೌರ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ರೂಥ್ ಚಾವ್ ಎಂಬ ಸಂಶೋಧಕಿ, ಅಮೆರಿಕದಲ್ಲಿ ನೆಲೆಸಿದ ಚೀನೀ ತಾಯಂದಿರನ್ನು ಅಭ್ಯಸಿಸಿ, 1994ರಲ್ಲಿ ಬೇರೊಂದು ಮಾತು ಹೇಳಿದರು. ಚೀನೀ ಭಾಷೆಯಲ್ಲಿ "ಗುವಾನ್" ಎಂಬ ಒಂದೇ ಶಬ್ದಕ್ಕೆ ಆಳು ಎಂಬ ಅರ್ಥವೂ ಇದೆ, ಕಾಳಜಿ ಮಾಡು ಎಂಬ ಅರ್ಥವೂ ಇದೆ. ಆದ್ದರಿಂದ ಅವರ ಶಿಸ್ತನ್ನು ಬರೀ ದರ್ಪವೆಂದು ಅಳೆಯುವುದು ಸರಿಯಲ್ಲ ಎಂಬುದು ಅವರ ವಾದ. ಈ ವಾದವನ್ನು ನಾವು ಗೌರವಿಸುತ್ತೇವೆ. ಮಕ್ಕಳನ್ನು ಅಂಕೆಯಿಲ್ಲದೆ ಬಿಟ್ಟವರು ಹೆಚ್ಚು ಪ್ರೀತಿಸುತ್ತಾರೆಂದು ಯಾರೂ ಹೇಳಲಾರರು.

ಆದರೂ ಒಂದು ತೊಡಕು ಉಳಿಯುತ್ತದೆ. ಕಿರ್ದಿ ಖಾತೆ ಬರೆದವರಿಗೆ ಗೊತ್ತು: ಮನಸ್ಸಿನಲ್ಲಿ ಕೊಟ್ಟ ಹಣ ಜಮಾ ಆಗುವುದಿಲ್ಲ, ಕೈಗೆ ಬಂದದ್ದಷ್ಟೇ ಜಮಾ. ನಮ್ಮ ಉದ್ದೇಶ ನಮ್ಮ ಖಾತೆಯಲ್ಲಿದೆ. ಮಗುವಿನ ಖಾತೆಗೆ ಹೋಗಿ ಸೇರುವುದು ಆಡಿದ ಮಾತು ಮತ್ತು ಕೊಟ್ಟ ಏಟು.

ನಮ್ಮದೇ ತಪ್ಪೊಂದನ್ನು ಹೇಳಿಬಿಡುತ್ತೇವೆ. ಮಗ ಗಣಿತದಲ್ಲಿ ಕಡಿಮೆ ಅಂಕ ತಂದಾಗ ಕೈ ಎತ್ತಿದೆವು. ಮುಂದಿನ ಪರೀಕ್ಷೆಯಲ್ಲಿ ಅಂಕ ಏರಲಿಲ್ಲ. ಅಂಕಪಟ್ಟಿ ಜೋಳದ ಚೀಲದ ಹಿಂದೆ ಸಿಕ್ಕಿತು. ಏಟು ಅವನಿಗೆ ಬಚ್ಚಿಡುವುದನ್ನು ಕಲಿಸಿತ್ತು. ರಾತ್ರಿ ಕುಳಿತು ವಿಚಾರ ಮಾಡಿದಾಗ ಹೊಳೆಯಿತು: ಲೆಕ್ಕ ಕಲಿತವನ ಮಗನೇ ಲೆಕ್ಕದಲ್ಲಿ ಹಿಂದೆ ಬಿದ್ದನೆಂದು ಜನ ಆಡಿಕೊಂಡಾರು ಎಂಬ ನಾಚಿಕೆಯೇ ಆ ಏಟಿಗೆ ಕಾರಣ. ಅದಕ್ಕೆ ಪ್ರೀತಿಯ ಹೆಸರು ಇಟ್ಟಿದ್ದೆವು ಅಷ್ಟೇ.

ಹಾಂಗ್‌ಕಾಂಗ್‌ನ ಶಾಲೆಗಳಲ್ಲಿ ಹೊಡೆಯುವುದನ್ನು 1991ರಲ್ಲಿ ನಿಷೇಧಿಸಲಾಯಿತು. ನಮ್ಮ ದೇಶದಲ್ಲಿಯೂ 2009ರ ಶಿಕ್ಷಣ ಹಕ್ಕು ಕಾಯ್ದೆ ಅದನ್ನೇ ಮಾಡಿತು. ಮನೆಯೊಳಗೆ ಬದಲಾವಣೆ ತರಲು ಅಲ್ಲಿಯ ಆರೋಗ್ಯ ಇಲಾಖೆ ತಾಯಿ-ಮಕ್ಕಳ ಕೇಂದ್ರಗಳಲ್ಲಿ ಪಾಲಕರಿಗೇ ಪಾಠ ಇಟ್ಟಿತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಕ್ರಮ ಅದು. ಕಲಿಸುವುದು ಸಣ್ಣ ಸಂಗತಿಗಳನ್ನೇ: ಒಳ್ಳೆಯದು ಮಾಡಿದಾಗ ಅದೇ ಕ್ಷಣ, ಏನು ಮಾಡಿದನೆಂದು ಹೆಸರಿಟ್ಟು ಮೆಚ್ಚಬೇಕು. ಮನೆಯ ನಿಯಮ ಕೆಲವೇ ಇರಬೇಕು, ಸ್ಪಷ್ಟವಿರಬೇಕು. ಅಪ್ಪಣೆಯನ್ನು ಹತ್ತಿರ ಹೋಗಿ, ಸಮಾಧಾನದಿಂದ ಹೇಳಬೇಕು. ತಪ್ಪಿದರೆ ಮೊದಲೇ ತಿಳಿಸಿದ ಚಿಕ್ಕ ಶಿಕ್ಷೆ ತಪ್ಪದೆ ಆಗಬೇಕು. ಪಾಠ ಮುಗಿಸಿದ ಪಾಲಕರು ಮಕ್ಕಳ ತಂಟೆ ಕಡಿಮೆಯಾಯಿತೆಂದು ಹೇಳಿದ್ದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿದೆ. ಇಲ್ಲಿ ಶಿಸ್ತು ಹೋಗಿಲ್ಲ, ಅವಮಾನ ಹೋಗಿದೆ.

ಗಡಿನಾಡಿನ ನಮಗೆ ಇನ್ನೊಂದು ಮಾತು ಮುಖ್ಯ. 1997ಕ್ಕೆ ಮೊದಲು ಅನೇಕ ಹಾಂಗ್‌ಕಾಂಗ್ ಕುಟುಂಬಗಳು ಕೆನಡಾಕ್ಕೆ, 2021ರಿಂದ ಇನ್ನೂ ಅನೇಕ ಕುಟುಂಬಗಳು ಬ್ರಿಟನ್ನಿಗೆ ಹೋದವು. ಅಲ್ಲಿ ಶಾಲೆ, ಗೆಳೆಯರು, ಆಟ ಎಲ್ಲವೂ ಇಂಗ್ಲಿಷಿನಲ್ಲಿ; ಕ್ಯಾಂಟನೀಸ್ ಮನೆಯೊಳಗೆ ಮಾತ್ರ. ಸೊಲ್ಲಾಪುರ, ಅಕ್ಕಲಕೋಟ, ಜತ್ತದ ನಮ್ಮ ಮಕ್ಕಳಿಗೂ ಪೇಟೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಆ ಮನೆಮಾತು ಬೈಗುಳಕ್ಕೂ ಅಪ್ಪಣೆಗೂ ಮಾತ್ರ ಮೀಸಲಾದರೆ ಮಗು ಅದನ್ನು ಏಕೆ ಇಟ್ಟುಕೊಂಡೀತು? ನಗು, ಕಥೆ, ಶಾಬಾಸ್‌ಗಿರಿ ಕೂಡ ಕನ್ನಡದಲ್ಲಿ ಸಿಕ್ಕರೆ ಭಾಷೆ ಉಳಿಯುತ್ತದೆ.

"ನಾವೂ ಹೊಡೆಸಿಕೊಂಡೇ ಬೆಳೆದೆವು, ಏನು ಕೆಟ್ಟೆವು?" ಎಂದು ಹಿರಿಯರು ಕೇಳುತ್ತಾರೆ. ಕೆಡಲಿಲ್ಲ, ನಿಜ. ಆದರೆ ನಮ್ಮನ್ನು ಬೆಳೆಸಿದ್ದು ಆ ಏಟೋ, ಏಟಿನ ಆಮೇಲೆ ಅವ್ವ ಸದ್ದಿಲ್ಲದೆ ತಂದಿಟ್ಟ ರೊಟ್ಟಿಯೋ? ಇನ್ನೂ ಒಂದು ವಿಚಾರ. ಕೂಸು ಹುಟ್ಟುತ್ತಲೇ ಅದಕ್ಕೆ ಲಿಂಗಧಾರಣೆ ಮಾಡಿಸುವ ಧರ್ಮ ನಮ್ಮದು. ಶಿವನ ನೆಲೆಯೆಂದು ಒಪ್ಪಿಕೊಂಡ ಆ ದೇಹಕ್ಕೆ, ಕಲ್ಲಿಗಿಂತ ಕಡೆ ಎಂದು ಹೇಳುವ ಅಧಿಕಾರ ನಮಗೆ ಎಲ್ಲಿಂದ ಬಂತು? ನುಡಿ ಹೇಗಿರಬೇಕೆಂದು ಬಸವಣ್ಣನವರು ಹೇಳಿದ್ದು ನಮಗೆಲ್ಲ ಬಾಯಿಪಾಠ. ಅದು ಅನುಭವ ಮಂಟಪಕ್ಕಷ್ಟೇ ಅಲ್ಲ, ಅಡುಗೆಮನೆಗೂ ಸಲ್ಲುತ್ತದೆ.

ಬರುವ ಅಮಾವಾಸ್ಯೆಯವರೆಗೆ ಒಂದು ವ್ರತ ಹಿಡಿಯೋಣ. ದಿನಕ್ಕೊಮ್ಮೆ ಮಗುವಿನ ಒಂದು ಒಳ್ಳೆಯ ಕೆಲಸವನ್ನು ಅದರ ಎದುರಿಗೇ, ಕನ್ನಡದಲ್ಲಿ, ಬಾಯಿಬಿಟ್ಟು ಹೇಳೋಣ. ನಾಲಿಗೆ ಮೊದಲೆರಡು ದಿನ ತಡವರಿಸೀತು. ನಮಗೂ ತಡವರಿಸಿತು.



— ಕಾರ್ಯದರ್ಶಿ, ಶ್ರೀಮಠ