ಹಸಿವು, ಕಲೆ ಮತ್ತು ಸಾರ್ವಜನಿಕ ಧನ

ಊರಿನ ಹಣದಿಂದ ಚಿತ್ರಶಾಲೆಯನ್ನು ಕಟ್ಟಬೇಕೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ಒಂದು ಉತ್ತರ ಸಿದ್ಧವಾಗಿರುತ್ತದೆ. ಹಸಿದವನಿಗೆ ಅನ್ನವಿಲ್ಲ, ರೋಗಿಗೆ ಔಷಧವಿಲ್ಲ. ಚಿತ್ರ ನೋಡಿ ಯಾರ ಹೊಟ್ಟೆ ತುಂಬೀತು? ಈ ಮಾತಿಗೆ ಎದುರಾಡುವುದು ಕಠಿಣ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ಚತುರ್ವಿಧ ದಾನಗಳ ಮಹಿಮೆಯನ್ನು ಬಾಲ್ಯದಿಂದಲೇ ಕೇಳುತ್ತ ಬೆಳೆದ ಶ್ರಾವಕನಿಗಂತೂ ಇನ್ನೂ ಕಠಿಣ. ನಾನೂ ಬಹುಕಾಲ ಇದೇ ಉತ್ತರವನ್ನು ಹೇಳುತ್ತಿದ್ದವನು. ಈಗ ಅದರಲ್ಲಿ ಮೊದಲಿನ ವಿಶ್ವಾಸ ಉಳಿದಿಲ್ಲ. ಏಕೆ ಉಳಿದಿಲ್ಲವೆಂಬುದನ್ನು ವಾಚಕರ ಮುಂದೆ ನಿವೇದಿಸಿಕೊಳ್ಳುತ್ತೇನೆ.

ನಮ್ಮ ನಾಡಿನಲ್ಲಿ ಈ ಚರ್ಚೆ ಬಹಿರಂಗವಾಗಿ ನಡೆದದ್ದು ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯ ವಿಷಯದಲ್ಲಿ. ಚಿತ್ರಕಾರ ಕೆ. ವೆಂಕಟಪ್ಪನವರು ಜನಿಸಿದ್ದು 1886ರಲ್ಲಿ. ನಮ್ಮ ಕುಂದಗೋಳದ ಸವಾಯಿ ಗಂಧರ್ವರೂ ಅದೇ ವರ್ಷ ಹುಟ್ಟಿದವರೆಂಬುದು ಕೇವಲ ಆಕಸ್ಮಿಕ, ಆದರೂ ನನಗೆ ಪ್ರಿಯವಾದ ಸಂಗತಿ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಚಿತ್ರವಿದ್ಯೆಯನ್ನೂ ಮೈಸೂರಿನಲ್ಲಿ ಶೇಷಣ್ಣನವರ ಬಳಿ ವೀಣೆಯನ್ನೂ ಕಲಿತರು. ಅವಿವಾಹಿತರಾಗಿ, ವ್ರತಿಯಂತೆ ಬಾಳಿ 1965ರಲ್ಲಿ ಕಾಲವಾದರು. ಅವರ ಕೃತಿಗಳಿಗಾಗಿ ರಾಜ್ಯ ಸರಕಾರವು ಕಸ್ತೂರಬಾ ರಸ್ತೆಯಲ್ಲಿ, ಸರಕಾರಿ ವಸ್ತುಸಂಗ್ರಹಾಲಯದ ಮಗ್ಗುಲಲ್ಲಿ ಒಂದು ಚಿತ್ರಶಾಲೆಯನ್ನು ಕಟ್ಟಿಸಿತು. ಹೆಸರಿಲ್ಲದ ತರುಣ ಕಲಾವಿದನೂ ಅಲ್ಪ ಬಾಡಿಗೆ ತೆತ್ತು ಅಲ್ಲಿ ತನ್ನ ಚಿತ್ರಗಳನ್ನು ತೂಗುಹಾಕಬಹುದಾಗಿತ್ತು. ಕಟ್ಟಿಸಿದ ಸರಕಾರ ಅದನ್ನು ಚೆನ್ನಾಗಿ ನೋಡಿಕೊಳ್ಳಲಿಲ್ಲ ಎಂಬ ದೂರು ಮಾತ್ರ ವರ್ಷವರ್ಷವೂ ಇತ್ತು.

ಆಗ ಪ್ರವಾಸೋದ್ಯಮ ಇಲಾಖೆಯ ದತ್ತು ಯೋಜನೆಯಲ್ಲಿ ಆ ಚಿತ್ರಶಾಲೆಯನ್ನು ತಸ್ವೀರ್ ಎಂಬ ಖಾಸಗಿ ಪ್ರತಿಷ್ಠಾನಕ್ಕೆ ಒಪ್ಪಿಸುವ ಒಪ್ಪಂದವಾಯಿತು. ಪ್ರತಿಷ್ಠಾನವು ತನ್ನ ಹಣದಿಂದ ಅದನ್ನು ದೊಡ್ಡದಾಗಿ, ಸುಸಜ್ಜಿತವಾಗಿ ಕಟ್ಟಲು ಮುಂದಾಗಿತ್ತು. ಕಲಾವಿದರು ಒಪ್ಪಲಿಲ್ಲ. ನಮ್ಮನ್ನು ಕೇಳದೆ ಒಪ್ಪಂದವಾಗಿದೆ, ಎಲ್ಲರದಾಗಿದ್ದ ಜಾಗದ ಆಡಳಿತ ಒಬ್ಬರ ಕೈಸೇರುತ್ತದೆ ಎಂದರು. 2016ರಲ್ಲಿ ಚಿತ್ರಶಾಲೆಯ ಅಂಗಳದಲ್ಲಿಯೇ ಹಾಡಿ, ಚಿತ್ರ ಬರೆದು ಪ್ರತಿಭಟಿಸಿದರು. ಕೊನೆಗೆ ಆ ಯೋಜನೆ ಬಿದ್ದುಹೋಯಿತು. ಪ್ರತಿಷ್ಠಾನದ ಹಿಂದಿದ್ದ ಅಭಿಷೇಕ್ ಪೋದ್ದಾರರು ಅದೇ ಕಸ್ತೂರಬಾ ರಸ್ತೆಯಲ್ಲಿ ಬೇರೆ ಕಟ್ಟಡವನ್ನೆಬ್ಬಿಸಿ, 2023ರ ಫೆಬ್ರುವರಿಯಲ್ಲಿ ಕಲೆ ಮತ್ತು ಛಾಯಾಚಿತ್ರಗಳ ವಸ್ತುಸಂಗ್ರಹಾಲಯವನ್ನು ತೆರೆದರು. ನನ್ನ ಅಭಿಪ್ರಾಯದಲ್ಲಿ ಇದು ಎರಡೂ ಪಕ್ಷಕ್ಕೆ ಒಳ್ಳೆಯದೇ ಆಯಿತು.

ಹಣ ಕೊಡುವವನು ಎದುರಿಗೆ ನಿಂತಿರುವಾಗ ಬೇಡವೆನ್ನುವುದು ಮೂರ್ಖತನವಲ್ಲವೇ ಎಂದು ಆಗ ನನ್ನ ವ್ಯಾಪಾರಿ ಮಿತ್ರರೊಬ್ಬರು ಕೇಳಿದ್ದರು. ನನಗೂ ಮೊದಲು ಹಾಗೆಯೇ ಅನ್ನಿಸಿತು. ಆಮೇಲೆ ಆ ‘ದತ್ತು’ ಎಂಬ ಶಬ್ದ ಮನಸ್ಸಿನಲ್ಲಿ ಕೊರೆಯತೊಡಗಿತು. ದತ್ತು ತೆಗೆದುಕೊಂಡವನ ಮನೆಗೆ ಕೂಸು ಹೋಗುತ್ತದೆ; ಹೆಸರೂ ಗೋತ್ರವೂ ಬದಲಾಗುತ್ತವೆ. ಇದನ್ನು ದಾನವೆನ್ನಬಹುದೇ?

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಕೊನೆಯಲ್ಲಿ ಆಚಾರ್ಯರು ದಾನದ ಲಕ್ಷಣವನ್ನು ಹೇಳಿದ್ದಾರೆ. ಉಪಕಾರಕ್ಕಾಗಿ ತನ್ನದನ್ನು ಬಿಟ್ಟುಕೊಡುವುದು ದಾನ. ವಿಧಿ, ದ್ರವ್ಯ, ದಾತೃ, ಪಾತ್ರ ಈ ನಾಲ್ಕರ ಭೇದದಿಂದ ಅದರ ಫಲದಲ್ಲಿ ಭೇದ. ಇಲ್ಲಿ ಎರಡು ಮಾತುಗಳನ್ನು ಗಮನಿಸಬೇಕು. ‘ತನ್ನದು’ ಎಂಬುದು ಒಂದು; ‘ಬಿಟ್ಟುಕೊಡುವುದು’ ಎಂಬುದು ಇನ್ನೊಂದು. ನಾವು ಜಿನಪೂಜೆಯಲ್ಲಿ ಅಷ್ಟದ್ರವ್ಯಗಳನ್ನು ಅರ್ಪಿಸುತ್ತೇವೆ. ಅರ್ಪಿಸಿದ ಕ್ಷಣಕ್ಕೆ ಅದು ನಿರ್ಮಾಲ್ಯ. ಹಿಡಿ ಅಕ್ಕಿಯೇ ಆಗಿರಲಿ, ಪೂಜೆ ಮಾಡಿದವನು ಅದನ್ನು ಮತ್ತೆ ಮನೆಗೆ ಒಯ್ಯುವುದಿಲ್ಲ. ಇದನ್ನು ನಮ್ಮ ಮಕ್ಕಳೂ ಬಲ್ಲರು. ಆದರೆ ಲಕ್ಷಗಟ್ಟಲೆ ಹಣ ಕೊಟ್ಟು, ಕಟ್ಟಡದ ಕೀಲಿಯನ್ನು ತನ್ನ ಕಿಸೆಯಲ್ಲಿಯೇ ಇಟ್ಟುಕೊಂಡವನು ನಿರ್ಮಾಲ್ಯವನ್ನು ಮನೆಗೆ ಒಯ್ದಂತಾಯಿತೆಂದು ನಮಗೆ ಹೊಳೆಯುವುದಿಲ್ಲ. ತನ್ನ ಹಣದಿಂದ ತನ್ನ ಸ್ಥಳದಲ್ಲಿ ತನ್ನದೊಂದನ್ನು ಕಟ್ಟಿ ಜನರಿಗೆ ತೆರೆದಿಡುವುದು ಬೇರೆ ಮಾತು. ಅದು ಪ್ರಾಮಾಣಿಕವಾದ ವ್ಯವಹಾರ, ಶ್ಲಾಘ್ಯವೂ ಹೌದು.

ಇನ್ನು ಸರಕಾರದ ಮಾತು. ನಗರಸಭೆಯಾಗಲಿ ಸರಕಾರವಾಗಲಿ ಕಲೆಗೆ ಹಣ ಕೊಟ್ಟರೆ ಅದನ್ನು ದಾನವೆನ್ನಲಾಗದು, ಏಕೆಂದರೆ ಆ ಹಣ ಅವರದಲ್ಲ. ನಮ್ಮ ಪೇಟೆಯ ಕಿರ್ದಿಯಲ್ಲಿ ಅನಾಮತ್ತು ಎಂಬ ಖಾತೆಯಿರುತ್ತದೆ. ಪರರು ನಮ್ಮಲ್ಲಿ ಇಟ್ಟ ಹಣ ಅದು, ಪೆಟ್ಟಿಗೆಯಲ್ಲಿದ್ದರೂ ನಮ್ಮದಲ್ಲ. ತೆರಿಗೆಯೆಂಬುದು ಇಂಥ ಅನಾಮತ್ತು. ಕಡ್ಡಿಪೆಟ್ಟಿಗೆ ಕೊಳ್ಳುವ ಕೂಲಿಯವಳ ಪಾಲೂ ಅದರಲ್ಲಿದೆ. ಆದ್ದರಿಂದ ಆಕೆಗೆ ಪ್ರವೇಶವಿಲ್ಲದ, ಬಾಗಿಲಲ್ಲಿ ನಿಂತರೆ ಕಾವಲುಗಾರ ಗದರಿಸುವ ಚಿತ್ರಶಾಲೆಯನ್ನು ಆಕೆಯ ಹಣದಿಂದ ಕಟ್ಟುವುದು ಅಚೌರ್ಯವ್ರತಕ್ಕೆ ಭಂಗವೆಂದೇ ನಾನು ಭಾವಿಸುತ್ತೇನೆ. ಆದರೆ ಆಕೆ ತನ್ನ ಮಗುವಿನ ಕೈಹಿಡಿದು ಒಳಗೆ ಬರುವಂತಿದ್ದರೆ, ಹೊಟ್ಟೆಗಿಲ್ಲದವಳಿಗೆ ಚಿತ್ರವೇಕೆ ಎಂದು ಕೇಳುವ ಅಧಿಕಾರ ನಮಗೆ ಯಾರು ಕೊಟ್ಟರು?

ಹಸಿವು ಮತ್ತು ಕಲೆ ನಿಜವಾಗಿಯೇ ಎದುರುಬದುರು ನಿಂತ ಪ್ರಸಂಗವೊಂದು ಅಮೆರಿಕದಲ್ಲಿ ಒದಗಿತು. ಡೆಟ್ರಾಯಿಟ್ ನಗರವು 2013ರಲ್ಲಿ ದಿವಾಳಿಯೆದ್ದಿತು. ಅಲ್ಲಿಯ ಕಲಾಸಂಗ್ರಹಾಲಯದ ಚಿತ್ರಗಳು ನಗರದ ಆಸ್ತಿ. ಅವನ್ನು ಮಾರಿ ಸಾಲ ತೀರಿಸಿರೆಂದು ಸಾಲಿಗರು ಪಟ್ಟುಹಿಡಿದರು. ಇತ್ತ ನಗರದ ನಿವೃತ್ತ ನೌಕರರು ತಮ್ಮ ಪಿಂಚಣಿ ಹೋದೀತೆಂದು ಕಂಗಾಲಾಗಿದ್ದರು. ಕಡೆಗೆ ಹಲವು ದತ್ತಿಸಂಸ್ಥೆಗಳು, ರಾಜ್ಯ ಸರಕಾರ ಮತ್ತು ಸಂಗ್ರಹಾಲಯದ ಹಿತೈಷಿಗಳು ಸೇರಿ ಇಪ್ಪತ್ತು ವರ್ಷಗಳಲ್ಲಿ ಸುಮಾರು 81 ಕೋಟಿ 60 ಲಕ್ಷ ಡಾಲರುಗಳನ್ನು ಕೊಡಲು ಒಪ್ಪಿದರು. ಆ ಹಣ ಪಿಂಚಣಿ ನಿಧಿಗೆ ಹೋಯಿತು. ಚಿತ್ರಗಳು ಕೊಟ್ಟವರ ಮನೆಗೆ ಹೋಗದೆ ಒಂದು ಸ್ವತಂತ್ರ ಧರ್ಮಾರ್ಥ ಸಂಸ್ಥೆಗೆ ಸೇರಿ ಅಲ್ಲಿಯೇ ಉಳಿದವು. ಪಿಂಚಣಿಯಲ್ಲಿ ಕಡಿತವಾಗದೆ ಇರಲಿಲ್ಲ. ಸಾಮಾನ್ಯ ನೌಕರರು ಶೇಕಡಾ ನಾಲ್ಕೂವರೆಯಷ್ಟನ್ನೂ ತುಟ್ಟಿಯ ಏರಿಕೆಯನ್ನೂ ಕಳೆದುಕೊಂಡರು. ಆದರೂ ಚಿತ್ರವನ್ನು ಉಳಿಸಬೇಕೆಂಬವರ ಹಣವೇ ಮುದುಕರ ಅನ್ನವನ್ನೂ ಬಹುಮಟ್ಟಿಗೆ ಉಳಿಸಿತು.

ಕಲೆಯೆಂದರೆ ಇಂದ್ರಿಯಭೋಗ, ಅದು ರಾಗವನ್ನು ಹೆಚ್ಚಿಸುತ್ತದೆ, ಶ್ರಾವಕನಿಗೆ ಅದರ ಗೊಡವೆಯೇಕೆ ಎಂಬ ಆಕ್ಷೇಪ ನಮ್ಮವರಲ್ಲಿಯೇ ಉಂಟು. ಆದರೆ ಆದಿನಾಥ ಸ್ವಾಮಿಯು ಪ್ರಜೆಗಳಿಗೆ ಉಪದೇಶಿಸಿದ ಷಟ್ಕರ್ಮಗಳಲ್ಲಿ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯಗಳೊಡನೆ ಶಿಲ್ಪವೂ ಇದೆ. ನಮ್ಮ ವಾಣಿಜ್ಯಕ್ಕೆ ಮಾನ್ಯತೆ ಬಂದದ್ದು ಎಲ್ಲಿಂದಲೋ ಶಿಲ್ಪಿಗೂ ಅಲ್ಲಿಂದಲೇ. ಆ ಸ್ವಾಮಿಗೆ ವೈರಾಗ್ಯ ಉದಯಿಸಿದ್ದಾದರೂ ನೀಲಾಂಜನೆಯ ನೃತ್ಯವನ್ನು ನೋಡುತ್ತಿದ್ದಾಗ, ಆಕೆ ಕಣ್ಣೆದುರಿಗೇ ಇಲ್ಲವಾದಾಗ. ತಾಯಿಯ ಕಡೆಯಿಂದ ನಮ್ಮ ಅಣ್ಣಿಗೇರಿಯ ನಂಟುಳ್ಳ ಪಂಪನು 941ರ ಆದಿಪುರಾಣದಲ್ಲಿ ಈ ಪ್ರಸಂಗವನ್ನು ಹೇಳಿರುವ ಬಗೆಯನ್ನು ಓದಿದವರು ಮರೆಯಲಾರರು.

ದಾನಚಿಂತಾಮಣಿ ಅತ್ತಿಮಬ್ಬೆಯ ಮಾತು ಇಲ್ಲಿ ಬಾರದಿರದು. ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬ್ರಹ್ಮಜಿನಾಲಯ, 1007ರದು, ಇಂದಿಗೂ ನಿಂತಿದೆ. ಆದರೆ ನಾನು ಹೇಳಬೇಕೆಂದಿರುವುದು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಆಕೆ ಬರೆಸಿದ ವಿಷಯ. ಒಂದೇ ಪ್ರತಿಯನ್ನು ಚಿನ್ನದ ಪೆಟ್ಟಿಗೆಯಲ್ಲಿಟ್ಟು ಅರಮನೆಯಲ್ಲಿ ಕಾಪಾಡಬಹುದಿತ್ತು. ಸಾವಿರ ಮಾಡಿಸಿದಳೆಂದರೆ, ಹಂಚಲಿಕ್ಕೆ. ಹಂಚಿದವಳ ಬಳಿ ಕೀಲಿ ಉಳಿಯಲಿಲ್ಲ.

ನಮ್ಮ ಕುಂದಗೋಳದಲ್ಲಿ ನಗರಸಭೆಯೂ ಇಲ್ಲ, ಚಿತ್ರಶಾಲೆಯೂ ಇಲ್ಲ. ಆದರೆ ನಾಡಗೀರ ವಾಡೆಯಿದೆ. ಅಬ್ದುಲ್ ಕರೀಂ ಖಾನರು ಆ ವಾಡೆಗೆ ಬರುತ್ತಿದ್ದರು. ಸವಾಯಿ ಗಂಧರ್ವರು ಅವರ ಶಿಷ್ಯರಾದರು. ಅವರಲ್ಲಿ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದುಹೋಗುತ್ತಿದ್ದರು. ಭೀಮಸೇನ ಜೋಶಿಯವರು ಗುರುಗಳ ಮನೆಯಲ್ಲಿದ್ದು ನೀರು ಹೊತ್ತು ಕಲಿತರು. 1952ರಲ್ಲಿ ಸವಾಯಿ ಗಂಧರ್ವರು ಕಾಲವಾದ ಮೇಲೆ ಅವರ ಸ್ಮರಣೆಯಲ್ಲಿ ಆ ವಾಡೆಯಲ್ಲಿ ಅಹೋರಾತ್ರಿ ಹಾಡಿಕೆ ನಡೆದುಬಂದಿದೆ. ಹೊಲದಿಂದ ಬಂದವನೂ ಕಂಬಕ್ಕೆ ಒರಗಿ ಕೇಳುತ್ತಾನೆ. ಹಾಗಾದರೆ ಸರಕಾರದ ದುಡ್ಡಿಲ್ಲದೆಯೇ ಕಲೆ ಬದುಕೀತಲ್ಲ ಎನ್ನಬಹುದು. ಹಾಡು ಕಂಠದಿಂದ ಕಂಠಕ್ಕೆ ಬದುಕುತ್ತದೆ, ನಿಜ. ಚಿತ್ರಪಟಕ್ಕೂ ತಾಳೆಗರಿಗೂ ಆ ಭಾಗ್ಯವಿಲ್ಲ. ಅವಕ್ಕೆ ಸೋರದ ಮಾಳಿಗೆ ಬೇಕು, ಗೆದ್ದಲು ಹತ್ತದ ಕಪಾಟು ಬೇಕು, ವರ್ಷಕ್ಕೊಮ್ಮೆ ಬಿಚ್ಚಿನೋಡುವ ಮನುಷ್ಯ ಬೇಕು.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಸುಮಾರು ಮೂವತ್ತು ವರ್ಷಗಳ ಹಿಂದೆ ಒಂದು ಬಸದಿಯ ಆಡಳಿತ ಸಮಿತಿಯಲ್ಲಿದ್ದೆ. ಅಲ್ಲಿ ಒಂದು ಗಂಟು ತಾಳೆಗರಿಗಳೂ, ಹಳೆಯ ರಥದಿಂದ ಕಳಚಿದ ಕೆತ್ತನೆಯ ಹಲಗೆಗಳೂ, ಬಣ್ಣ ಮಾಸಿದ ಎರಡು ಪಟಗಳೂ ಇದ್ದವು. ವೃದ್ಧ ಸದಸ್ಯರೊಬ್ಬರು ಇವಕ್ಕೊಂದು ಸಣ್ಣ ಕೋಣೆ ಕಟ್ಟಿಸೋಣವೆಂದರು. ನಾನೆದ್ದು, ನಮ್ಮ ಸಮಾಜದ ಬಡ ಹುಡುಗರಿಗೆ ಓದಲು ಫೀ ಇಲ್ಲದಿರುವಾಗ ಹಳೆಯ ಕಟ್ಟಿಗೆಗೆ ಕೋಣೆಯೇ ಎಂದು ಕೇಳಿದೆ. ಸಭೆ ತಲೆದೂಗಿತು. ಕೋಣೆಯಾಗಲಿಲ್ಲ. ಬಿ.ಕಾಂ. ಓದಿದವನೆಂದು ಲೆಕ್ಕ ನನ್ನ ಕೈಯಲ್ಲಿಯೇ ಇತ್ತು. ವರ್ಷದ ಕೊನೆಗೆ ಜಮಾ-ಖರ್ಚು ಬರೆಯುವಾಗ ನೋಡಿದರೆ ಆ ಹಣ ಉತ್ಸವದ ಮಂಟಪಕ್ಕೂ ದೀಪಾಲಂಕಾರಕ್ಕೂ ಹೋಗಿತ್ತು. ಹುಡುಗರ ಫೀ ಎಂಬ ಬಾಬಿನಲ್ಲಿ ಸೊನ್ನೆ. ಹಸಿದವನ ಹೆಸರನ್ನು ಮುಂದೆ ಮಾಡಿ ಕಲೆಗೆ ಇಲ್ಲವೆಂದಿದ್ದೆ, ಹಸಿದವನಿಗೂ ಕೊಟ್ಟಿರಲಿಲ್ಲ. ಐದಾರು ಮಳೆಗಾಲ ಕಳೆದ ಮೇಲೆ ಗಂಟನ್ನು ಬಿಚ್ಚಿದಾಗ ಗರಿಗಳು ಮುಟ್ಟಿದಲ್ಲಿ ಪುಡಿಯಾದವು. ಅವುಗಳಲ್ಲಿ ಏನು ಬರೆದಿತ್ತೆಂಬುದನ್ನು ಯಾರೂ ಓದಿರಲಿಲ್ಲ. ಆ ವೃದ್ಧರು ಆಗ ಬದುಕಿರಲಿಲ್ಲ. ಇದ್ದಿದ್ದರೆ ಅವರ ಮುಖವನ್ನು ನೋಡುವುದು ನನಗೆ ಸುಲಭವಾಗುತ್ತಿರಲಿಲ್ಲ.

ಮಂಟಪಕ್ಕೂ ಮೆರವಣಿಗೆಗೂ ಖರ್ಚು ಮಾಡುವಾಗ ಹಸಿದವನ ನೆನಪು ನಮಗೆ ಬರುವುದಿಲ್ಲ. ಚಿತ್ರ, ಗ್ರಂಥ, ಹಳೆಯ ಕಲ್ಲು ಎಂದೊಡನೆ ಬರುತ್ತದೆ. ಇದರ ಕಾರಣವನ್ನು ಪ್ರತಿಯೊಂದು ಟ್ರಸ್ಟೂ ತನ್ನ ಖತಾವಣಿಯಲ್ಲಿಯೇ ಹುಡುಕಬಹುದು.

ಈಗ ಅದೇ ಬಸದಿಯ ಸಮಿತಿಯವರು ಉಳಿದ ಹಲಗೆಗಳಿಗೂ ಪಟಗಳಿಗೂ ಕೋಣೆ ಕಟ್ಟಿಸುವ ವಿಚಾರ ಮಾಡಿದ್ದಾರೆ. ದಾನಿಯೊಬ್ಬರು ಪೂರ್ತಿ ಖರ್ಚು ಕೊಡಲು ಮುಂದೆ ಬಂದಿದ್ದಾರೆ. ಬಾಗಿಲ ಮೇಲೆ ಮನೆತನದ ಹೆಸರು, ಕೀಲಿ ಅವರ ಮನೆಯಲ್ಲಿ ಎಂಬುದು ಅವರ ಕೋರಿಕೆ. ನನ್ನ ಸಲಹೆ ಕೇಳಿ ಪತ್ರ ಬಂದಿದೆ. ಹೆಸರು ಗೋಡೆಯ ಮೇಲೆ ಇರಲಿ, ಕೀಲಿ ಬಸದಿಯಲ್ಲಿರಲಿ, ವಾರಕ್ಕೊಂದು ದಿನ ಊರಿನ ಯಾವ ಜಾತಿಯ ಮಗು ಬಂದರೂ ಬಾಗಿಲು ತೆರೆಯಲಿ, ಅದೇ ವರ್ಷ ಹುಡುಗರ ಫೀ ಬಾಬಿಗೂ ಒಂದು ಮೊತ್ತ ಬರೆಯಿರಿ ಎಂದು ಉತ್ತರಿಸಿದ್ದೇನೆ. ದಾನಿಗಳು ಒಪ್ಪದಿದ್ದರೆ ಏನು ಮಾಡಬೇಕೆಂದು ಮರುಟಪಾಲಿಗೆ ಕೇಳಿದ್ದಾರೆ. ಸೋರುವ ಮಾಳಿಗೆಯ ಕೆಳಗೆ ಇನ್ನೊಂದು ಮಳೆಗಾಲ ಕಳೆಯುವುದೋ, ಕೀಲಿಯನ್ನು ಕೊಟ್ಟು ಪಟಗಳನ್ನು ಉಳಿಸಿಕೊಳ್ಳುವುದೋ? ಬೆಂಗಳೂರಿನ ಕಲಾವಿದರ ಪರವಾಗಿ ಇಷ್ಟು ಬರೆದ ನನಗೆ ಆ ಪತ್ರಕ್ಕೆ ಮಾತ್ರ ಇನ್ನೂ ಉತ್ತರ ಬರೆಯಲಾಗಿಲ್ಲ.