ತಕ್ಕಡಿಯ ಮುಂದೆ ನಿಂತ ಶಿಷ್ಯ

ಬೆಳಗಾವಿಯ ರವಿವಾರ ಪೇಟೆಯ ಹೆಸರಿನಲ್ಲಿ ಭಾನುವಾರವಿದೆ. ಅಲ್ಲಿಯ ಬದುಕು ಮಾತ್ರ ಪೂರಾ ಸೋಮವಾರದ್ದು. ಬೇಳೆ, ಬೆಲ್ಲ, ಅಕ್ಕಿ, ಎಣ್ಣೆಯ ಸಗಟು ವ್ಯಾಪಾರ. ಬೆನ್ನ ಮೇಲೆ ಮೂಟೆ ಹೊತ್ತ ಹಮಾಲರು, ಉದ್ರಿ ಬರೆದುಕೊಳ್ಳುವ ಗುಮಾಸ್ತರು, ಒಂದೊಂದು ರೂಪಾಯಿಗೂ ಚೌಕಾಶಿ. ಪ್ರಿಯ ಓದುಗರೇ, ನಮ್ಮಲ್ಲಿ ಹಲವರಿಗೆ ಇಂಥ ಪೇಟೆಯ ನಂಟು ಇದ್ದೇ ಇದೆ. ಕೆಲವರು ಗಿರಾಕಿಗಳು, ಕೆಲವರು ಲೆಕ್ಕ ಬರೆಯುವವರು, ಕೆಲವರು ಗಾಡಿ ಓಡಿಸುವವರು, ಕೆಲವರು ಅಂಗಡಿ ಇಟ್ಟವರು. ಭಾನುವಾರ ಕೊಂಕಣಿಯಲ್ಲೋ ಮರಾಠಿಯಲ್ಲೋ ಕನ್ನಡದಲ್ಲೋ ಬಲಿಪೂಜೆಯಲ್ಲಿ ಭಾಗವಹಿಸಿ, ಪರಮಪ್ರಸಾದ ಸ್ವೀಕರಿಸಿ, ಮರುದಿನ ತಕ್ಕಡಿಯ ಮುಂದೆ ನಿಲ್ಲುತ್ತೇವೆ.

ಪ್ರವಾದಿ ಆಮೋಸನ ಕಾಲದಲ್ಲೂ ಇಂಥವರಿದ್ದರು. ಸಬ್ಬತ್ ದಿನ ಯಾವಾಗ ಮುಗಿದೀತು, ಯಾವಾಗ ಧಾನ್ಯದ ಚೀಲ ಬಿಚ್ಚೇವು, ಅಳತೆಯನ್ನು ಯಾವಾಗ ಕಿರಿದು ಮಾಡೇವು ಎಂದು ಕಾಯುತ್ತಿದ್ದವರನ್ನು ಅವನು ಬಯಲಿಗೆಳೆದ. ಅವರು ಸಬ್ಬತ್ ಮುರಿದವರಲ್ಲ ಎಂಬುದನ್ನು ಗಮನಿಸಿ. ಶ್ರದ್ಧೆಯಿಂದ ಆಚರಿಸಿದರು, ಮುಗಿಯಲೆಂದು ಕಾದರು.

ಹಾಗಾದರೆ ಕ್ರಿಸ್ತನ ಶಿಷ್ಯ ಯಾರು? ಈ ಪ್ರಶ್ನೆಯನ್ನು ಭಾನುವಾರ ಕೇಳಿದರೆ ಉತ್ತರ ಸುಲಭ. ಸೋಮವಾರ ಕೇಳಿದರೆ ಸ್ವಲ್ಪ ಕಷ್ಟ.

‘ಶಿಷ್ಯ’ ಎಂಬ ಮಾತು ನಮ್ಮ ನಾಡಿಗೆ ಹೊಸದಲ್ಲ. ನಮ್ಮಲ್ಲಿ ಶಿಷ್ಯನು ಗುರುವನ್ನು ಹುಡುಕಿಕೊಂಡು ಹೋಗುತ್ತಾನೆ. ಸೇವೆ ಮಾಡಿ, ಕಲಿತು, ಕಾಲ ಬಂದಾಗ ತಾನೂ ಗುರುವಾಗುತ್ತಾನೆ. ಯೇಸುಸ್ವಾಮಿ ಈ ಎರಡನ್ನೂ ತಿರುವುಮುರುವು ಮಾಡಿದರು. ಅವರೇ ಹುಡುಕಿಕೊಂಡು ಹೋದರು: ಗಲಿಲೇಯ ಸರೋವರದ ದಡಕ್ಕೆ, ಬಲೆಗಳ ಬಳಿಗೆ, ಸುಂಕದ ಕಟ್ಟೆಗೆ. ನೀವು ಯಾರೂ ಗುರು ಎನಿಸಿಕೊಳ್ಳಬೇಡಿ, ನೀವೆಲ್ಲ ಸಹೋದರರು ಎಂದೂ ಹೇಳಿಬಿಟ್ಟರು. ಅಂದರೆ ಈ ಪಾಠಶಾಲೆಯಲ್ಲಿ ತೇರ್ಗಡೆಯಾಗಿ ಹೊರಬರುವವರೇ ಇಲ್ಲ. ಧರ್ಮಸಭೆಯ ತಲೆಯಾದ ಪೇತ್ರನೂ ಕೊರ್ನೇಲಿಯನ ಮನೆಯ ವಿಚಾರದಲ್ಲಿ ಹೊಸ ಪಾಠ ಕಲಿಯಬೇಕಾಯಿತು. ಆಮೇಲೆ ಅಂತಿಯೋಕ್ಯದಲ್ಲಿ ಪಾವುಲನಿಂದ ಎಲ್ಲರೆದುರು ಬುದ್ಧಿಮಾತು ಕೇಳಬೇಕಾಯಿತು. ನಲವತ್ತು ವರ್ಷಗಳಿಂದ ಗಾಯನ ವೃಂದದಲ್ಲಿದ್ದೇನೆ, ನನಗೇನು ಕಲಿಸುತ್ತೀರಿ ಎನ್ನುವ ನಮ್ಮ ಹಿರಿಯರಿಗೆ ಇದನ್ನು ನೆನಪಿಸಿದರೆ ಕೋಪ ಬರಬಹುದು. ಇರಲಿ.

ಶುಭಸಂದೇಶದ ಗ್ರೀಕ್ ಮೂಲದಲ್ಲಿ ಶಿಷ್ಯನಿಗಿರುವ ಪದದ ಅರ್ಥ ‘ಕಲಿಯುವವನು’. ಆದರೆ ಪುಸ್ತಕ ಓದಿ ಕಲಿಯುವ ಬಗೆಯಲ್ಲ ಅದು. ಖಾನಾಪುರದ ಕಡೆಗೆ ಹೋಗಿ ನೋಡಿ. ಅಲ್ಲಿಯ ಮಣ್ಣಿನ ಕೆಲಸಕ್ಕೆ, ಮಡಕೆ ಹೆಂಚುಗಳಿಗೆ ಹೆಸರಿದೆ. ಖಾದಿ ಆಯೋಗದ ಕುಂಬಾರಿಕೆ ಸಂಸ್ಥೆ ಆ ಊರಿಗೆ ಬಂದದ್ದು ಸುಮ್ಮನಲ್ಲ. ಚಕ್ರದ ಮುಂದೆ ಕುಳಿತ ಹುಡುಗನಿಗೆ ಮಣ್ಣಿನ ಹದವನ್ನು ಭಾಷಣದಿಂದ ಕಲಿಸಲಾಗದು. ಅವನು ಮೊದಲು ಮಣ್ಣು ತುಳಿಯುತ್ತಾನೆ, ಕಲ್ಲು ಆರಿಸುತ್ತಾನೆ, ಹಿರಿಯನ ಬೆರಳುಗಳನ್ನು ನೋಡುತ್ತಾನೆ, ಹತ್ತಾರು ಮಡಕೆ ಕೆಡಿಸುತ್ತಾನೆ. ಒಂದು ದಿನ ಅವನ ಬೆರಳಿಗೇ ತಿಳಿಯುತ್ತದೆ. ಹನ್ನೆರಡು ಮಂದಿ ಯೇಸುವಿನ ಜೊತೆ ಹಾಗೆಯೇ ಇದ್ದರು; ಉಂಡರು, ನಡೆದರು, ತಪ್ಪು ತಿಳಿದುಕೊಂಡರು, ಬೈಸಿಕೊಂಡರು.

ಮೆಚ್ಚುವುದು ಬೇರೆ, ಕಲಿಯುವುದು ಬೇರೆ. ಹೆರೋದನಿಗೆ ಸ್ನಾನಿಕ ಯೊವಾನ್ನರ ಮಾತು ಕೇಳುವುದೆಂದರೆ ಸಂತೋಷವಾಗಿತ್ತು ಎಂದು ಮಾರ್ಕನು ಬರೆದಿದ್ದಾನೆ. ಅದೇ ಹೆರೋದ ಅವರ ತಲೆ ಕಡಿಸಿದ. ಒಳ್ಳೆಯ ಪ್ರಬೋಧನೆ ಕೇಳಿ ‘ಫಾದರ್ ಇವತ್ತು ಚೆನ್ನಾಗಿ ಹೇಳಿದರು’ ಎಂದು ಮೆಚ್ಚುತ್ತಾ ಮನೆಗೆ ಹೋಗುವ ನಮಗೆ ಈ ಸಾಲು ಸ್ವಲ್ಪ ಚುಚ್ಚಬೇಕು.

ಈಗ ಒಬ್ಬ ಗುಮಾಸ್ತನನ್ನು ಊಹಿಸಿಕೊಳ್ಳಿ. ಹೆಸರು ಬೇಡ, ಅಂಗಡಿಯ ಗುರುತೂ ಬೇಡ. ಇಂಥವರು ಎಲ್ಲ ಪೇಟೆಗಳಲ್ಲೂ ಇದ್ದಾರೆ. ನಲವತ್ತು ದಾಟಿದ ವಯಸ್ಸು, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಮನೆ ಸಾಲ, ಹಾಸಿಗೆ ಹಿಡಿದ ತಾಯಿ. ಮಾಲೀಕ ಕೆಟ್ಟವನೇನಲ್ಲ, ತಾಯಿಯ ಆಸ್ಪತ್ರೆ ಖರ್ಚಿಗೆ ಕೇಳುವ ಮೊದಲೇ ಮುಂಗಡ ಕೊಟ್ಟವನು. ಒಂದು ಸಂಜೆ ಅವನೇ ಕರೆದು ಹೇಳುತ್ತಾನೆ: ಇನ್ನು ಮೇಲೆ ಎರಡು ಲೆಕ್ಕ ಇಡೋಣ, ತೆರಿಗೆಯವರಿಗೆ ಒಂದು, ನಮಗೆ ಒಂದು, ಎಲ್ಲರೂ ಮಾಡುವುದೇ ಇದು.

ಶಿಷ್ಯನಾದವನು ಏನು ಮಾಡಬೇಕು? ಧರ್ಮಸಭೆಯ ಬೋಧನೆಯಲ್ಲಿ ಇಲ್ಲಿ ಸಂದೇಹಕ್ಕೆ ಎಡೆಯಿಲ್ಲ. 1992ರಲ್ಲಿ ಘೋಷಿತವಾದ ಕಥೋಲಿಕ ಧರ್ಮೋಪದೇಶ ಗ್ರಂಥವು ಏಳನೆಯ ಕಟ್ಟಳೆಯನ್ನು ವಿವರಿಸುವಾಗ ತೆರಿಗೆ ವಂಚನೆಯನ್ನೂ ಸುಳ್ಳು ಬಿಲ್ಲುಗಳನ್ನೂ ಹೆಸರೆತ್ತಿಯೇ ಹೇಳುತ್ತದೆ. ಹಣ ಮಾಲೀಕನದಿರಬಹುದು, ಸುಳ್ಳು ಅಂಕಿ ಬರೆಯುವ ಕೈ ಗುಮಾಸ್ತನದು. ಉತ್ತರ ಗೊತ್ತಿದೆ. ಆದರೂ ಆ ರಾತ್ರಿ ಅವನಿಗೆ ನಿದ್ರೆ ಬರುವುದಿಲ್ಲ.

ಶುಭಸಂದೇಶದಲ್ಲಿ ಹಣದ ನಂಟಿದ್ದ ಮೂವರನ್ನು ಅವನ ಮುಂದೆ ನಿಲ್ಲಿಸೋಣ. ಲೇವಿ ಸುಂಕದ ಕಟ್ಟೆಯಿಂದ ಎದ್ದು ಹೊರಟೇಬಿಟ್ಟ. ಜಕ್ಕಾಯನೂ ಸುಂಕದವನೇ, ಸುಂಕದವರ ಮುಖಂಡ. ಆದರೆ ಅವನು ವೃತ್ತಿ ಬಿಟ್ಟನೆಂದು ಲೂಕನು ಎಲ್ಲೂ ಹೇಳಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕು ಪಟ್ಟು ವಾಪಸು ಎಂದ. ಯೇಸು ಅವನಿಗೆ ‘ಇನ್ನೂ ಸಾಲದು, ಅಂಗಡಿ ಮುಚ್ಚು’ ಎನ್ನಲಿಲ್ಲ. ಮೂರನೆಯವನು ಅರಿಮತಾಯದ ಜೋಸೆಫ. ಶ್ರೀಮಂತ, ಸಭೆಯ ಸದಸ್ಯ, ಭಯದಿಂದ ಗುಟ್ಟಾಗಿ ಶಿಷ್ಯನಾಗಿದ್ದವನು. ಲೇವಿಯಂತೆ ಬಿಟ್ಟುಹೋಗುವ ಕರೆ ಗುರುಗಳಿಗೂ ಧರ್ಮಭಗಿನಿಯರಿಗೂ ಇದೆ. ಜಕ್ಕಾಯನಂತೆ ಇದ್ದಲ್ಲೇ ಇದ್ದು ಲೆಕ್ಕ ಸರಿಪಡಿಸುವ ಕರೆ ಗೃಹಸ್ಥರಾದ ನಮ್ಮದು. ನಮ್ಮಲ್ಲಿ ಬಹುಪಾಲು ಜನ ವಾಸ್ತವದಲ್ಲಿ ಇರುವುದು ಮಾತ್ರ ಜೋಸೆಫನ ಸಾಲಿನಲ್ಲಿ ಎಂದು ನನಗನಿಸುತ್ತದೆ. ಕುತ್ತಿಗೆಯಲ್ಲಿ ಶಿಲುಬೆ ಇದೆ, ಮಾತು ಬಂದಾಗ ಬಾಯಿ ಮುಚ್ಚುತ್ತದೆ.

ಲೂಕನ ಶುಭಸಂದೇಶದ ಹದಿನಾಲ್ಕನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಪೇಟೆಯ ಭಾಷೆಯನ್ನೇ ಆಡುತ್ತಾರೆ. ಗೋಪುರ ಕಟ್ಟಬೇಕೆಂದವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಕೇಳುತ್ತಾರೆ. ಶಿಷ್ಯನಾಗುವವನು ಕಣ್ಣು ಮುಚ್ಚಿ ಧುಮುಕಬೇಕೆಂದು ಅವರು ಬಯಸಲಿಲ್ಲ, ಕುಳಿತು ಲೆಕ್ಕ ಹಾಕು ಎಂದರು. ಆದರೆ ಆ ಲೆಕ್ಕದ ಕೊನೆಯ ಸಾಲು ವಿಚಿತ್ರವಾಗಿದೆ: ತನ್ನದೆಲ್ಲವನ್ನೂ ಬಿಡದವನು ನನ್ನ ಶಿಷ್ಯನಾಗಲಾರ ಎಂಬ ಅರ್ಥದ ಮಾತು. ಇದೆಂಥ ಲೆಕ್ಕ? ನನಗೆ ತೋರುವುದು ಇಷ್ಟು. ಎಷ್ಟು ಕೊಟ್ಟರೆ ಸಾಕು ಎಂಬ ಚೌಕಾಶಿಗೆ ಇಲ್ಲಿ ಜಾಗವಿಲ್ಲ. ಭಾನುವಾರ ಒಂದು ಗಂಟೆ, ಕಾಣಿಕೆ ಡಬ್ಬಿಗೆ ನೂರು ರೂಪಾಯಿ, ಹಬ್ಬಕ್ಕೆ ಒಂದು ವಂತಿಗೆ ಎಂದು ಕಂತಿನಲ್ಲಿ ತೀರಿಸುವ ಬಾಕಿ ಇದಲ್ಲ. ಇದು ಹೊರಿಸಲು ಹೇಳಿದ್ದಲ್ಲ, ದರ ಮೊದಲೇ ತಿಳಿದಿರಲಿ, ಆಮೇಲೆ ಮೋಸವಾಯಿತು ಎನ್ನಬೇಡಿ ಎಂದು ಹೇಳಿದ್ದು. ಜರ್ಮನಿಯ ಲುಥೆರನ್ ಪಾಲಕ ಡೀಟ್ರಿಚ್ ಬಾನ್ಹಾಫರ್ 1937ರಲ್ಲಿ ಶಿಷ್ಯತ್ವದ ಬಗ್ಗೆಯೇ ಒಂದು ಪುಸ್ತಕ ಪ್ರಕಟಿಸಿ, ಬೆಲೆ ತೆರದೆ ಸಿಗುತ್ತದೆಂದು ನಾವು ಭಾವಿಸುವ ಕೃಪೆಯನ್ನು ‘ಅಗ್ಗದ ಕೃಪೆ’ ಎಂದು ಕರೆದರು. ಹಿಟ್ಲರನ ಆಡಳಿತ ಅವರನ್ನು 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಿತು.

ಇಷ್ಟು ಹೇಳಿ ನಿಲ್ಲಿಸಿದರೆ ಗುಮಾಸ್ತನಿಗೆ ಅನ್ಯಾಯವಾಗುತ್ತದೆ. ಬೆಲೆಯ ಬಗ್ಗೆ ಬೋಧಿಸುವುದು ಬೋಧಿಸುವವನಿಗೆ ಅಗ್ಗ. ಸಂಬಳ ಹೋಗುವುದು ಅವನದು, ನಮ್ಮದಲ್ಲ.

ನಮ್ಮ ನೆರೆಯ ಗೋವೆಯ ಸಂತ ಜೋಸೆಫ್ ವಾಜರ ಕಥೆ ನಿಮಗೆ ತಿಳಿದದ್ದೇ. 1651ರಲ್ಲಿ ಬೆಣಾವಲಿಯಲ್ಲಿ ಹುಟ್ಟಿದರು. 1681ರಿಂದ 1684ರವರೆಗೆ ನಮ್ಮ ಕನ್ನಡ ಕರಾವಳಿಯಲ್ಲಿ ಸೇವೆ ಮಾಡಿದರು. ಗುರುಗಳ ಅಧಿಕಾರ ಯಾರಿಗೆ ಸೇರಿದ್ದೆಂಬ ಜಗಳದ ನಡುವೆ ಸಮಾಧಾನದ ದಾರಿ ಹುಡುಕಿದರು. ಆಮೇಲೆ, ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದ ಸಿಂಹಳಕ್ಕೆ 1687ರಲ್ಲಿ ಬಡವನ ವೇಷದಲ್ಲಿ ಹೋಗಿ ಇಳಿದರು. ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಶಂಕೆಯಿಂದ ಸೆರೆಯಾದರು. 1697ರಲ್ಲಿ ಅಲ್ಲಿ ಸಿಡುಬು ಹರಡಿ, ಜನ ತಮ್ಮವರನ್ನೇ ಬಿಟ್ಟು ಓಡಿದಾಗ ರೋಗಿಗಳ ಶುಶ್ರೂಷೆಗೆ ನಿಂತರು. 1711ರ ಜನವರಿ 16ರಂದು ತೀರಿಕೊಂಡರು. ಜಗದ್ಗುರು ಎರಡನೆಯ ಜಾನ್ ಪಾಲರು 1995ರಲ್ಲಿ ಅವರನ್ನು ಪುನೀತರೆಂದೂ ಜಗದ್ಗುರು ಫ್ರಾನ್ಸಿಸರು 2015ರ ಜನವರಿ 14ರಂದು ಸಂತರೆಂದೂ ಸಾರಿದರು. ಎರಡೂ ಕೊಲಂಬೊದಲ್ಲೇ ನಡೆದವು.

ಆದರೆ ಆ ಕಥೆಯಲ್ಲಿ ಇನ್ನೊಬ್ಬನಿದ್ದಾನೆ. ಜುವಾಂವ್ ಎಂಬ ಸೇವಕ. ಗೋವೆಯಿಂದ ವಾಜರ ಜೊತೆ ಹೊರಟವನು ಅವನು. ಗುರುದೀಕ್ಷೆ ಪಡೆದವನಲ್ಲ, ದೊಡ್ಡ ಪಾಂಡಿತ್ಯದವನಲ್ಲ. ದಾರಿಯುದ್ದಕ್ಕೂ ಜೊತೆಗಿದ್ದ, ಸೆರೆಯಲ್ಲೂ ಜೊತೆಗಿದ್ದ. ಅವನ ಹೆಸರಿನಲ್ಲಿ ದೇವಾಲಯಗಳಿಲ್ಲ. ಒಮ್ಮೆ ಯೋಚಿಸಿ: ವಾಜರು ತೆತ್ತ ಬೆಲೆಯನ್ನು ಅವರೊಬ್ಬರೇ ತೆತ್ತರೇ? ಜೊತೆಗೊಬ್ಬ ಹೆಗಲಿಲ್ಲದಿದ್ದರೆ ಅವರು ಎಷ್ಟು ದೂರ ಹೋಗುತ್ತಿದ್ದರು? ದೇವರ ಕೃಪೆ ಇತ್ತು, ನಿಜ. ಆ ಕೃಪೆ ಬಂದದ್ದು ಗಂಟು ಹೊತ್ತ ಒಬ್ಬ ಆಳಿನ ರೂಪದಲ್ಲಿ.

ಈ ದೃಷ್ಟಿಯಿಂದ ನೋಡಿದರೆ ಶುಭಸಂದೇಶವೇ ಬೇರೆಯಾಗಿ ಕಾಣುತ್ತದೆ. ಯೇಸು ಶಿಷ್ಯರನ್ನು ಕಳುಹಿಸಿದ್ದು ಇಬ್ಬಿಬ್ಬರನ್ನಾಗಿ. ಗುಟ್ಟಿನ ಶಿಷ್ಯ ಜೋಸೆಫ ಕೊನೆಗೆ ಧೈರ್ಯ ಮಾಡಿ ಪಿಲಾತನ ಬಳಿ ಪ್ರಭುವಿನ ದೇಹವನ್ನು ಕೇಳಿದಾಗ, ರಾತ್ರಿ ವೇಳೆ ಬಂದಿದ್ದ ನಿಕೊದೇಮನೂ ಸುಗಂಧದ್ರವ್ಯ ಹೊತ್ತು ಜೊತೆಗೆ ಬಂದ. ಇಬ್ಬರು ಅಂಜುಬುರುಕರು ಒಟ್ಟಾಗಿ, ಪೇತ್ರನೂ ಮಾಡದಿದ್ದ ಕೆಲಸ ಮಾಡಿದರು. ಯೊಪ್ಪದ ತಬಿಥಾಳನ್ನೂ ನೆನೆಯಿರಿ. ಹೊಸ ಒಡಂಬಡಿಕೆಯಲ್ಲಿ ‘ಶಿಷ್ಯೆ’ ಎಂಬ ಸ್ತ್ರೀಲಿಂಗ ಪದ ಬಳಕೆಯಾಗಿರುವುದು ಅವಳೊಬ್ಬಳಿಗೆ. ಅವಳು ಪ್ರವಚನ ಮಾಡಿದ್ದಾಗಿ ಬರೆದಿಲ್ಲ; ವಿಧವೆಯರಿಗೆ ಅಂಗಿ, ಹೊದಿಕೆ ಹೊಲಿದುಕೊಟ್ಟಳು. ಅವಳು ಸತ್ತಾಗ ಆ ವಿಧವೆಯರು ಪೇತ್ರನ ಸುತ್ತ ನಿಂತು ತಮ್ಮ ಬಟ್ಟೆಗಳನ್ನೇ ತೋರಿಸುತ್ತಾ ಅತ್ತರು. ಹೊಲಿಗೆ ಯಂತ್ರದ ಮುಂದೆ ದಿನ ಕಳೆಯುವ ನಮ್ಮ ಶಹಾಪುರ, ವಡಗಾವಿಯ ತಾಯಂದಿರು ಈ ಪುಟವನ್ನು ಓದುತ್ತಿದ್ದರೆ, ನಿಮ್ಮ ಸೂಜಿಗೂ ಪವಿತ್ರ ಗ್ರಂಥದಲ್ಲಿ ಜಾಗವಿದೆ.

ಶಿಷ್ಯತ್ವವನ್ನು ಗುರುಗಳ ಹೆಗಲಿಗೆ ಹೊರಿಸಿ ನಾವು ಹಗುರಾಗುವ ಅಭ್ಯಾಸವೂ ಇದೆ. ದೈವಕರೆಗಳು ಹೆಚ್ಚಲಿ ಎಂದು ಪ್ರತಿ ವಾರ ಪ್ರಾರ್ಥಿಸುತ್ತೇವೆ, ಕರೆ ಪಕ್ಕದ ಮನೆಯ ಹುಡುಗನಿಗೆ ಬರಲಿ ಎಂದು ಒಳಗೊಳಗೇ ಸೇರಿಸುತ್ತೇವೆ. 2022ರ ಮೇ 15ರಂದು ಸಂತ ಪದವಿಗೇರಿದ ದೇವಸಹಾಯಂ ಅವರು ಗುರುವಲ್ಲ. ತಿರುವಾಂಕೂರು ಅರಮನೆಯ ಸೇವೆಯಲ್ಲಿದ್ದ ಸಂಸಾರಿ. 1745ರಲ್ಲಿ ದೀಕ್ಷಾಸ್ನಾನ ಪಡೆದು, 1752ರಲ್ಲಿ ಪ್ರಾಣ ತೆತ್ತರು.

ಗುಮಾಸ್ತನ ಕಡೆಗೆ ಮರಳೋಣ. ‘ಅಣ್ಣಾ, ನನ್ನ ಕೈಯಿಂದ ಇದಾಗದು, ಬೇರೆ ಯಾವ ಕೆಲಸವಾದರೂ ಹೇಳಿ’ ಎಂದು ಅವನು ಮಾಲೀಕನಿಗೆ ಹೇಳಬೇಕು; ನಯವಾಗಿ, ಮುಂಗಡ ಕೊಟ್ಟ ಉಪಕಾರವನ್ನು ಮರೆಯದೆ. ಮಾಲೀಕ ಒಪ್ಪಬಹುದು; ಸುಳ್ಳು ಬರೆಯದ ಗುಮಾಸ್ತ ತನಗೂ ಸುಳ್ಳು ಹೇಳಲಾರ ಎಂದು ಬುದ್ಧಿವಂತ ವ್ಯಾಪಾರಿಗೆ ಗೊತ್ತು. ಒಪ್ಪದೆಯೂ ಇರಬಹುದು. ಆಗ ಮುಂದಿನ ತಿಂಗಳ ಕಂತು, ಮಕ್ಕಳ ಫೀಸು, ತಾಯಿಯ ಔಷಧಿ? ಅವನು ಒಳ್ಳೆಯ ಕ್ರೈಸ್ತ ಎಂದು ಧರ್ಮಕೇಂದ್ರದಲ್ಲಿ ನಾವು ಹೊಗಳಿದರೆ ಅವು ತೀರುತ್ತವೆಯೇ?

ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಂದದ್ದು ಅಂತಿಯೋಕ್ಯದಲ್ಲಿ ಎಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವೆ. ಅದಾದ ಮೂರ್ನಾಲ್ಕು ಸಾಲುಗಳಲ್ಲೇ ಬರುವ ಸಂಗತಿಯನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಬರಗಾಲ ಬರುತ್ತದೆಂದು ತಿಳಿದಾಗ ಆ ಶಿಷ್ಯರು ಒಬ್ಬೊಬ್ಬರೂ ತಮ್ಮ ಶಕ್ತ್ಯನುಸಾರ ಹಣ ಕೂಡಿಸಿ, ತಾವು ಕಂಡೇ ಇರದ ಯೂದಾಯದ ಸಹೋದರರಿಗೆ ಕಳುಹಿಸಿಕೊಟ್ಟರು. ಬಾರ್ನಬ ಮತ್ತು ಸೌಲ ಅದನ್ನು ಕೈಯಾರೆ ಒಯ್ದರು. 1833ರಲ್ಲಿ ಪ್ಯಾರಿಸಿನಲ್ಲಿ ಇಪ್ಪತ್ತರ ಹರೆಯದ ವಿದ್ಯಾರ್ಥಿ ಫ್ರೆಡರಿಕ್ ಓಜನಾಮ್ ಮತ್ತು ಗೆಳೆಯರು ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯನ್ನು ಆರಂಭಿಸಿದ್ದೂ ಇಂಥದೇ ಕೆಲಸಕ್ಕೆ: ಬಡವರ ಮನೆಯ ಮೆಟ್ಟಿಲು ಹತ್ತುವುದಕ್ಕೆ. ಆ ಸಭೆಯ ಘಟಕಗಳು ನಮ್ಮ ನಾಡಿನ ಧರ್ಮಕೇಂದ್ರಗಳಲ್ಲೂ ಇವೆ. ವಿಧವೆಯರ ಪಟ್ಟಿ ಇರುತ್ತದೆ, ರೋಗಿಗಳ ಪಟ್ಟಿ ಇರುತ್ತದೆ. ಸುಳ್ಳು ಲೆಕ್ಕ ಬರೆಯಲು ಒಪ್ಪದೆ ಕೆಲಸ ಕಳೆದುಕೊಂಡ ಮನುಷ್ಯನಿಗೆ ಒಂದು ಪುಟ ತೆರೆಯಬಹುದಲ್ಲವೇ? ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ನಿಮ್ಮ ಧರ್ಮಕೇಂದ್ರದ ಅಂಗಳದಲ್ಲಿ ಇದನ್ನು ಯಾರಾದರೂ ಕೇಳಲಿ. ಮೂರು ತಿಂಗಳ ಮನೆ ಖರ್ಚು ಎಷ್ಟಾಗುತ್ತದೆ, ಅದನ್ನು ಎಷ್ಟು ಕುಟುಂಬಗಳು ಹಂಚಿಕೊಳ್ಳಬಹುದು, ಹೊಸ ಕೆಲಸ ಕೊಡಿಸಬಲ್ಲ ವ್ಯಾಪಾರಿಗಳು ನಮ್ಮಲ್ಲಿ ಯಾರಿದ್ದಾರೆ ಎಂದು ಒಂದು ಕಾಗದದ ಮೇಲೆ ಬರೆದು ನೋಡಲಿ.